ಹೊಗೆಯ ಕಟ್ಟಳೆಯೂ ಕಾರು ಕೊಳ್ಳುವವನ ಲೆಕ್ಕವೂ

ತುಮಕೂರು ಜಿಲ್ಲೆಯ ಶಿರಾದಲ್ಲಿ ಒಬ್ಬರು, ಕೊರಟಗೆರೆಯಲ್ಲಿ ಒಬ್ಬರು ಒಂದೇ ದಿನ ಒಂದೇ ಮಾದರಿಯ ಡೀಸೆಲ್ ಕಾರನ್ನು ಕೊಂಡರೆಂದು ಭಾವಿಸೋಣ. ಎರಡು ಕಾರುಗಳೂ ಒಂದೇ ಕಾರ್ಖಾನೆಯಲ್ಲಿ ಸಿದ್ಧವಾದವು. ಕೊಂಡವರಿಬ್ಬರೂ ಕಾಲಕಾಲಕ್ಕೆ ಆಯಿಲ್ ಬದಲಾಯಿಸುವ ಎಚ್ಚರಿಕೆಯ ಜನ. ಶಿರಾದವರು ವಾರದಲ್ಲಿ ಮೂರು ದಿನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿಗೆ ಹೋಗಿಬರುವರು. ಕೊರಟಗೆರೆಯವರ ಸಂಚಾರವೆಲ್ಲ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಬ್ಯಾಂಕಿಗೆ, ಸಂಜೆ ಮಕ್ಕಳ ಶಾಲೆಗೆ. ಒಂದೊಂದೂ ಎರಡು ಮೂರು ಕಿಲೋಮೀಟರು ಮಾತ್ರ. ವರ್ಷ ಕಳೆದ ಮೇಲೆ ಇವೆರಡರಲ್ಲಿ ಯಾವುದು ಮೊದಲು ತೊಂದರೆ ಕೊಟ್ಟೀತು? ಹೆಚ್ಚು ದುಡಿದ ಶಿರಾದ ಕಾರೆಂದು ಊಹಿಸುವುದು ಸಹಜ. ಆದರೆ 2020ರ ನಂತರ ತಯಾರಾದ ಡೀಸೆಲ್ ಕಾರಾದರೆ, ಎಚ್ಚರಿಕೆಯ ದೀಪ ಮೊದಲು ಹೊತ್ತಿಕೊಳ್ಳುವ ಸಂಭವ ಹೆಚ್ಚಾಗಿರುವುದು ಕೊರಟಗೆರೆಯ ಕಾರಿನಲ್ಲಿ.

ಇದೇನು ವಿಪರೀತವೆಂದು ವಾಚಕರು ಕೇಳಬಹುದು. ಇದರ ಕಾರಣವು ಎಂಜಿನ್ನಿನಲ್ಲಿಲ್ಲ, ಹೊಗೆಕೊಳವೆಯಲ್ಲಿದೆ.

ಡೀಸೆಲ್ ಎಂಜಿನ್ನಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿ, ಅದು ಕಾದ ಕ್ಷಣದಲ್ಲಿ ಇಂಧನವನ್ನು ಸಿಂಪಡಿಸುತ್ತಾರೆ. ಇಂಧನದ ಹನಿಗಳಿಗೆ ಎಲ್ಲೆಡೆಯೂ ಸಾಕಷ್ಟು ಆಮ್ಲಜನಕ ದೊರೆಯದೆ ಸ್ವಲ್ಪ ಇಂಗಾಲ ಮಸಿಯಾಗಿ ಉಳಿಯುತ್ತದೆ. ದಹನದ ಉಷ್ಣತೆ ಏರಿದಷ್ಟೂ ಮಸಿ ಕಡಿಮೆಯಾಗುವುದಾದರೂ, ಆಗ ಗಾಳಿಯಲ್ಲಿನ ಸಾರಜನಕವೇ ಆಮ್ಲಜನಕದೊಡನೆ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಒಂದನ್ನು ತಗ್ಗಿಸಲು ಹೋದರೆ ಇನ್ನೊಂದು ತಲೆಯೆತ್ತುತ್ತದೆ. ಡೀಸೆಲ್ ಎಂಜಿನಿಯರುಗಳನ್ನು ಬಹುಕಾಲದಿಂದ ಕಾಡುತ್ತ ಬಂದಿರುವ ಇಕ್ಕಟ್ಟು ಇದು. ಎರಡೂ ಶ್ವಾಸಕೋಶಕ್ಕೆ ಹಾನಿಕರ. ಡೀಸೆಲ್ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ನಿಶ್ಚಿತವಾಗಿ ಸಾರಿತು. ಆದುದರಿಂದ ಹೊಗೆಗೆ ಕಟ್ಟಳೆ ಬೇಕೇ ಎಂಬ ಪ್ರಶ್ನೆಯೇ ಏಳದು.

ನಮ್ಮ ದೇಶದಲ್ಲಿ ಈ ಕಟ್ಟಳೆಗಳಿಗೆ ‘ಭಾರತ್ ಸ್ಟೇಜ್’ ಎಂಬ ಹೆಸರುಂಟು. ಇವು ಬಂದ ರೀತಿಯೂ ಸ್ವಾರಸ್ಯವಾದುದು. 2010ರಲ್ಲಿ ಬೆಂಗಳೂರು ಮೊದಲಾದ 13 ನಗರಗಳಿಗೆ ನಾಲ್ಕನೆಯ ಹಂತವೂ, ಉಳಿದ ಭಾಗಕ್ಕೆ ಮೂರನೆಯ ಹಂತವೂ ಜಾರಿಗೆ ಬಂದುವು. ನಾಲ್ಕನೆಯ ಹಂತದ ಡೀಸೆಲ್ಲಿನಲ್ಲಿ ಹತ್ತು ಲಕ್ಷ ಭಾಗಕ್ಕೆ 50 ಭಾಗ ಗಂಧಕವಿರಬಹುದಿತ್ತು. ಮೂರನೆಯದರಲ್ಲಿ 350 ಭಾಗ. ಬೆಂಗಳೂರಿನಲ್ಲಿ ಕೊಂಡ ಹೊಸ ಕಾರು ಪಾವಗಡಕ್ಕೆ ಬಂದು ಅಲ್ಲಿನ ಬಂಕಿನಲ್ಲಿ ಇಂಧನ ತುಂಬಿಸಿಕೊಂಡರೆ ಅದಕ್ಕೆ ಏಳು ಪಟ್ಟು ಗಂಧಕದ ಊಟ! ಹೊಗೆಯನ್ನು ಶುದ್ಧಗೊಳಿಸುವ ಕ್ರಿಯಾವರ್ಧಕಗಳನ್ನು ಗಂಧಕವು ಮಂಕುಗೊಳಿಸುತ್ತದೆ. ನಾಲ್ಕನೆಯ ಹಂತ ದೇಶಾದ್ಯಂತ ವ್ಯಾಪಿಸಿದುದು 2017ರ ಏಪ್ರಿಲ್‌ನಲ್ಲಿ. ಅನಂತರ ಐದನೆಯ ಹಂತವನ್ನು ಹಾರಿ, 2020ರ ಏಪ್ರಿಲ್ 1ರಂದು ಆರನೆಯ ಹಂತಕ್ಕೇ ಕಾಲಿಟ್ಟೆವು. ಆ ದಿನದ ತರುವಾಯ ಹಳೆಯ ಹಂತದ ವಾಹನವನ್ನು ಮಾರಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರ್‌ನಲ್ಲಿಯೇ ತೀರ್ಪಿತ್ತಿತ್ತು.

ಈ ಜಿಗಿತ ಎಷ್ಟು ದೊಡ್ಡದೆಂಬುದು ಅಂಕಿಗಳಿಂದ ತಿಳಿಯುತ್ತದೆ. ಡೀಸೆಲ್ ಕಾರು ಕಿಲೋಮೀಟರಿಗೆ 250 ಮಿಲಿಗ್ರಾಂ ಸಾರಜನಕದ ಆಕ್ಸೈಡುಗಳನ್ನು ಬಿಡಬಹುದಾಗಿದ್ದಲ್ಲಿ ಮಿತಿ 80ಕ್ಕೆ ಇಳಿಯಿತು. ಮಸಿಕಣಗಳ ಮಿತಿ 25 ಮಿಲಿಗ್ರಾಂನಿಂದ 4.5ಕ್ಕೆ ಕುಸಿಯಿತು. ತೂಕವಷ್ಟೇ ಸಾಲದೆಂದು ಕಣಗಳ ಎಣಿಕೆಗೂ ಮಿತಿ ಬಂತು: ಕಿಲೋಮೀಟರಿಗೆ 60,000 ಕೋಟಿ. ಸಂಖ್ಯೆ ಕೇಳಿ ಬೆರಗಾಗಬೇಡಿ. ಕಣಗಳು ಅಷ್ಟು ಸೂಕ್ಷ್ಮ. ಅತಿ ಸೂಕ್ಷ್ಮವಾದವೇ ಶ್ವಾಸಕೋಶದ ಆಳಕ್ಕೆ ಇಳಿಯುವವು.

ಎಂಜಿನ್ನನ್ನು ಎಷ್ಟೇ ತಿದ್ದಿದರೂ ಈ ಮಿತಿಯನ್ನು ಮುಟ್ಟಲಾಗದು. ಆದುದರಿಂದ ಹೊಗೆಯ ದಾರಿಯಲ್ಲಿ ಮಸಿಶೋಧಕವನ್ನು ಇಡಬೇಕಾಯಿತು. ಜೇನುಗೂಡಿನಂತೆ ಸಾವಿರಾರು ಸಣ್ಣ ನಾಳಗಳುಳ್ಳ ಪಿಂಗಾಣಿಯ ದಿಮ್ಮಿಯೊಂದನ್ನು ಊಹಿಸಿಕೊಳ್ಳಿ. ಒಂದು ನಾಳ ಈ ತುದಿಯಲ್ಲಿ ಮುಚ್ಚಿದ್ದರೆ ಪಕ್ಕದ್ದು ಆ ತುದಿಯಲ್ಲಿ ಮುಚ್ಚಿದೆ. ಒಳಹೊಕ್ಕ ಹೊಗೆಗೆ ನೇರ ದಾರಿಯಿಲ್ಲ. ಅದು ನಾಳದ ಸರಂಧ್ರ ಗೋಡೆಯನ್ನು ತೂರಿಯೇ ಹೊರಬರಬೇಕು. ಅನಿಲ ತೂರುತ್ತದೆ, ಮಸಿ ಗೋಡೆಗೆ ಅಂಟಿಕೊಳ್ಳುತ್ತದೆ.

ನಮ್ಮ ಮನೆಯ ಹಿಟ್ಟಿನ ಜರಡಿಯನ್ನಾದರೆ ಆಗಾಗ ಕೊಡವುತ್ತೇವೆ. ಈ ಶೋಧಕವನ್ನು ಕೊಡವುವುದು ಹೇಗೆ? ಮಸಿಯನ್ನು ಅಲ್ಲಿಯೇ ಸುಟ್ಟುಬಿಡುವುದೊಂದೇ ಉಪಾಯ. ಅದು ಚುರುಕಾಗಿ ಉರಿಯಲು ಸುಮಾರು 600 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಹೆದ್ದಾರಿಯ ಸ್ಥಿರ ವೇಗದಲ್ಲಿ ಹೊಗೆ ತಕ್ಕಷ್ಟು ಬಿಸಿಯಾಗಿದ್ದು, ಸಾರಜನಕದ ಡೈಆಕ್ಸೈಡಿನ ನೆರವಿನಿಂದ ಇನ್ನೂ ಕಡಿಮೆ ಉಷ್ಣತೆಯಲ್ಲಿಯೇ ಮಸಿ ಮೆಲ್ಲಗೆ ಸವೆಯುತ್ತ ಹೋಗುತ್ತದೆ. ಅದು ಸಾಲದಿದ್ದಾಗ ಎಂಜಿನ್ನಿನ ಕಂಪ್ಯೂಟರು ದಹನ ಮುಗಿದ ಮೇಲೆ ಸ್ವಲ್ಪ ಡೀಸೆಲನ್ನು ಹೆಚ್ಚುವರಿಯಾಗಿ ಸಿಂಪಡಿಸಿ, ಅದನ್ನು ಹೊಗೆಕೊಳವೆಯ ಕ್ರಿಯಾವರ್ಧಕದ ಮೇಲೆ ಉರಿಸಿ ಶೋಧಕವನ್ನು ಕಾಯಿಸುವುದು. ಈ ಶುದ್ಧೀಕರಣಕ್ಕೆ ತಡೆಯಿಲ್ಲದ ಹದಿನೈದು ಇಪ್ಪತ್ತು ನಿಮಿಷಗಳ ಓಟ ಬೇಕು.

ಕೊರಟಗೆರೆಯ ಕಾರಿಗೆ ಅದು ಸಿಗುವುದಿಲ್ಲ. ಶೋಧಕ ಕಾಯತೊಡಗುವ ಹೊತ್ತಿಗೆ ಬ್ಯಾಂಕು ಬಂತು, ಕೀಲಿ ತಿರುಗಿತು. ಮತ್ತೆ ಹೊರಟಾಗ ಎಲ್ಲವೂ ಮೊದಲಿನಿಂದ. ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲಿನಲ್ಲಿ ಒಂದಂಶ ಸಿಲಿಂಡರಿನ ಗೋಡೆಗಳಿಂದ ಜಾರಿ ಕೆಳಗಿನ ಆಯಿಲನ್ನು ಸೇರುವುದೂ ಉಂಟು. ಹಳೆಯ ಮೆಕ್ಯಾನಿಕ್ಕುಗಳು ಅಳತೆಕಡ್ಡಿಯನ್ನು ಎಳೆದು ಆಯಿಲ್ ಇಳಿದಿದೆಯೇ ಎಂದು ನೋಡುತ್ತಿದ್ದರು. ಈಗ ಏರಿದೆಯೇ ಎಂದೂ ನೋಡಬೇಕಾಗಿದೆ. ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಪಾಡಲಾರದು. ಅಗ್ಗವೆಂದು ಯಾವುದೋ ಆಯಿಲನ್ನು ಹಾಕಿಸಿದರೆ ಇನ್ನೊಂದು ಕಷ್ಟ: ಆಯಿಲಿನ ರಾಸಾಯನಿಕಗಳು ಉರಿದು ಉಳಿಯುವ ಬೂದಿಯು ಎಷ್ಟು ಕಾಯಿಸಿದರೂ ಸುಟ್ಟುಹೋಗದು, ಶೋಧಕದಲ್ಲಿಯೇ ನಿಲ್ಲುವುದು. ಈ ಕಾರುಗಳಿಗೆ ಕಡಿಮೆ ಬೂದಿಯ ಆಯಿಲನ್ನೇ ವಿಧಿಸಿರುವುದು ಇದಕ್ಕಾಗಿ. ಶೋಧಕವನ್ನೇ ಕಿತ್ತೊಗೆಸುವ ಉಪಾಯವನ್ನು ಹೇಳಿಕೊಡುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ. ಅಲ್ಲದೆ ಆ ಮಸಿ ಹೋಗಿ ಸೇರುವುದು ಅದೇ ಶಾಲೆಯ ಬಾಗಿಲಲ್ಲಿ ನಿಂತ ಮಕ್ಕಳ ಎದೆಯನ್ನು.

ಕೆಲವು ದೊಡ್ಡ ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ತೊಟ್ಟಿಯೂ ಇರುತ್ತದೆ. ಅದರಲ್ಲಿರುವುದು ನಮ್ಮ ರೈತರಿಗೆ ಚಿರಪರಿಚಿತವಾದ ಯೂರಿಯಾ, ಶೇಕಡ 32.5ರ ದ್ರಾವಣ. ಬಿಸಿ ಹೊಗೆಯಲ್ಲಿ ಅದು ಅಮೋನಿಯಾ ಆಗಿ, ಸಾರಜನಕದ ಆಕ್ಸೈಡುಗಳನ್ನು ನಿರಪಾಯವಾದ ಸಾರಜನಕ ಹಾಗೂ ನೀರನ್ನಾಗಿ ಮಾರ್ಪಡಿಸುತ್ತದೆ. ಆದರೆ ರಾಗಿ ಹೊಲಕ್ಕೆ ತಂದ ಯೂರಿಯಾ ಮೂಟೆಯಿಂದ ಒಂದು ಹಿಡಿ ಕರಗಿಸಿ ಸುರಿದರಾಗದು. ಗೊಬ್ಬರದ ಕಲ್ಮಶಗಳು ಕ್ರಿಯಾವರ್ಧಕವನ್ನು ಕೆಡಿಸುತ್ತವೆ. ಪಾವಗಡದಂತಹ ಕಡೆ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಹೊಯ್ಯುವುದೂ ಇದೇ ಜಾತಿಯ ಉಳಿತಾಯ: ಒಳಗೆ ಕಟ್ಟುವ ಸುಣ್ಣದ ಪೊರೆ ಶಾಖವನ್ನು ಹೊರಹೋಗಗೊಡದು.

ಹಾಗಾದರೆ ಇಂತಹ ಕಾರು ಪರೀಕ್ಷೆಯಲ್ಲಿ ತೇರ್ಗಡೆಯಾದುದು ಹೇಗೆ? ಪರೀಕ್ಷೆಯು ಬಹುಕಾಲ ಪ್ರಯೋಗಾಲಯದ ಉರುಳೆಗಳ ಮೇಲೆ ನಡೆಯುತ್ತಿತ್ತು. ನಿಗದಿಯಾದ ವೇಗಗಳಲ್ಲಿ, 90 ಕಿಲೋಮೀಟರು ಮೀರದಂತೆ, ಇಪ್ಪತ್ತು ನಿಮಿಷಗಳೊಳಗೆ ಮುಗಿಯುವ ಓಟ. ಪ್ರಶ್ನೆಪತ್ರಿಕೆ ಮೊದಲೇ ತಿಳಿದಿದ್ದರೆ ಅದಕ್ಕೆ ಮಾತ್ರ ಓದುವ ವಿದ್ಯಾರ್ಥಿಗಳು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಪರೀಕ್ಷೆ ನಡೆಯುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ತಗ್ಗಿಸುವ ಕಂಪ್ಯೂಟರ್ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ ಸಂಸ್ಥೆಯು ತನ್ನ ಡೀಸೆಲ್ ಕಾರುಗಳಲ್ಲಿ ಅಡಗಿಸಿಟ್ಟಿದ್ದುದು 2015ರಲ್ಲಿ ಅಮೆರಿಕದಲ್ಲಿ ಬಯಲಾಯಿತು. 2024ರ ಜನವರಿಯಲ್ಲಿ ನಮ್ಮ ಬಿಡದಿಗೂ ಒಂದು ಸುದ್ದಿ ತಟ್ಟಿತು. ಟೊಯೋಟಾ ಬಳಗದ ಸಂಸ್ಥೆಯೊಂದು ಮೂರು ಡೀಸೆಲ್ ಎಂಜಿನ್ನುಗಳ ಅಶ್ವಶಕ್ತಿಯ ಪರೀಕ್ಷೆಯಲ್ಲಿ, ಮಾರಾಟದ ಕಾರುಗಳಲ್ಲಿರುವುದಕ್ಕಿಂತ ಬೇರೆಯಾದ ನಿಯಂತ್ರಣ ಕ್ರಮವನ್ನು ಬಳಸಿ ಫಲಿತಾಂಶದ ರೇಖೆಯನ್ನು ನುಣುಪುಗೊಳಿಸಿತ್ತು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕ್ರಿಸ್ಟಾ ಮತ್ತು ಫಾರ್ಚುನರ್ ಕಾರುಗಳ ರವಾನೆ ಕೆಲದಿನ ನಿಂತಿತು. ಎಂಜಿನ್ನಿನ ಶಕ್ತಿಯನ್ನಾಗಲಿ ಹೊಗೆಯ ಪ್ರಮಾಣವನ್ನಾಗಲಿ ಇದರಿಂದ ತಪ್ಪಾಗಿ ತೋರಿಸಿದಂತಾಗಿಲ್ಲವೆಂದು ಸಂಸ್ಥೆ ತಿಳಿಸಿತು. ಇದನ್ನು ಫೋಕ್ಸ್‌ವ್ಯಾಗನ್ನಿನ ಪ್ರಕರಣದೊಡನೆ ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವಲ್ಲ. ಪರೀಕ್ಷೆಯ ಕೋಣೆಗೂ ರಸ್ತೆಗೂ ಇರುವ ಅಂತರವನ್ನು ಮಾತ್ರ ಎರಡೂ ತೋರಿಸಿಕೊಟ್ಟವು. 2023ರ ಏಪ್ರಿಲ್‌ನಿಂದ ನಮ್ಮಲ್ಲಿ ನಿಜವಾದ ರಸ್ತೆಯ ಮೇಲೆಯೇ ಹೊಗೆಯನ್ನು ಅಳೆಯುವ ನಿಯಮ ಬಂದಿದೆ. ಅದು ಹೊಗೆಯ ಪ್ರಶ್ನೆಗೆ ಉತ್ತರವೇ ಹೊರತು ಬ್ಯಾಂಕಿಗೆ ಹೋಗಿಬರುವ ಕಾರಿನ ಬಾಳಿಕೆಯ ಪ್ರಶ್ನೆಗಲ್ಲ.

ಕೊಳ್ಳುವವನು ಕೇಳುವುದಾದರೋ ಈ ಎರಡನೆಯ ಪ್ರಶ್ನೆಯನ್ನು. ಅಂಬಾಸಡರ್ ಕಾರು 2014ರವರೆಗೂ ತಯಾರಾಗುತ್ತ ಬಂದುದು ಅದು ಉತ್ತಮವಾದುದರಿಂದಲ್ಲ. ಯಾವ ಊರಿನ ಗ್ಯಾರೇಜಿನಲ್ಲಿಯೂ ಅದನ್ನು ಬಿಚ್ಚಿ ಜೋಡಿಸುವವರು ಇದ್ದುದರಿಂದ. 2000ದಲ್ಲಿ ಬಿಡದಿಯಿಂದ ಹೊರಟ ಕ್ವಾಲಿಸ್ ಅಂದಕ್ಕೆ ಹೆಸರಾದುದಲ್ಲ. ಅದರ ಸರಳ ಡೀಸೆಲ್ ಎಂಜಿನ್ನು ನಿಲ್ಲದೆ ಓಡುತ್ತಿತ್ತು. ಬಾಡಿಗೆ ಕಾರಿನವರಿಗೆ ಅಷ್ಟು ಸಾಕಾಗಿತ್ತು. ಗೊರವನಹಳ್ಳಿಗೆ ಯಾತ್ರಿಕರನ್ನು ಕರೆದೊಯ್ಯುವ ಚಾಲಕನಿಗೆ ಕಾರು ಒಂದು ದಿನ ನಿಂತರೆ ಆ ದಿನದ ಸಂಪಾದನೆ ನಿಂತಂತೆ, ಸಾಲದ ಕಂತು ಮಾತ್ರ ನಿಲ್ಲದು. ಇದಕ್ಕೆ ವಿರುದ್ಧವಾದ ಪಾಠ ನ್ಯಾನೋ ಕಾರಿನದು. 2008ರಲ್ಲಿ ಲಕ್ಷ ರೂಪಾಯಿಯ ಕಾರೆಂದು ಜಗತ್ತನ್ನೇ ಬೆರಗುಗೊಳಿಸಿದ ಅದು ಹತ್ತು ವರ್ಷಗಳಲ್ಲಿ ಕಣ್ಮರೆಯಾಯಿತು. ‘ಅತ್ಯಂತ ಅಗ್ಗದ್ದು’ ಎಂಬ ಬಿರುದು, ಕೆಲವು ಕಾರುಗಳಿಗೆ ಬೆಂಕಿ ತಗುಲಿದ ವಾರ್ತೆ, ಎರಡೂ ಕೂಡಿ ಅದನ್ನು ಹಿಂದಕ್ಕೆ ತಳ್ಳಿದುವು.

ಡೀಸೆಲ್ ಬೇಡವೆಂದರೆ ಪೆಟ್ರೋಲ್ ಕಾರು ಇದ್ದೇ ಇದೆ. ಸಣ್ಣ ಡೀಸೆಲ್ ಎಂಜಿನ್ನಿಗೆ ಈ ಸಾಮಗ್ರಿಯನ್ನೆಲ್ಲ ಜೋಡಿಸುವ ಖರ್ಚು ಗಿಟ್ಟದೆಂದು ಮಾರುತಿ ಸುಜುಕಿ ಸಂಸ್ಥೆಯು 2020ರಲ್ಲಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಆದರೆ ಪೆಟ್ರೋಲಿನದೂ ಒಂದು ಲೆಕ್ಕವಿದೆ. 2025ರ ವೇಳೆಗೆ ಬಂಕುಗಳ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್ ಬೆರೆತಿತು. ಲೀಟರು ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥನಾಲಿನಲ್ಲಿ 21. ನಾಲ್ಕು ಪಾಲು ಅದು, ಒಂದು ಪಾಲು ಇದು ಸೇರಿದರೆ 29.8, ಅಂದರೆ ಶೇಕಡ 7ರಷ್ಟು ಕಡಿಮೆ. ಹಳೆಯ ಕಾರುಗಳಲ್ಲಿ ಮೈಲೇಜು ಶೇಕಡ 6-7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಎಥನಾಲ್ ನೀರನ್ನು ಹೀರುವುದರಿಂದಲೂ, ಕೆಲವು ಬಗೆಯ ರಬ್ಬರನ್ನು ಕೆಡಿಸುವುದರಿಂದಲೂ ಹಳೆಯ ಕಾರಿನ ಇಂಧನ ಕೊಳವೆಗಳನ್ನು ಆಗಾಗ ಪರೀಕ್ಷಿಸುವುದು ಲೇಸು.

ಇನ್ನು ವಿದ್ಯುತ್ ಕಾರು. ಪಾವಗಡ ತಾಲ್ಲೂಕಿನ ತಿರುಮಣಿಯ ಬಳಿ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ದಿನಕ್ಕೆ ಐದು ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಉತ್ಪಾದನೆ ಎಂದಿಟ್ಟುಕೊಂಡರೆ ಸುಮಾರು ಒಂದು ಕೋಟಿ ಯೂನಿಟ್. ಒಂದು ಯೂನಿಟ್ಟಿಗೆ ಸಣ್ಣ ವಿದ್ಯುತ್ ಕಾರು ಆರು ಕಿಲೋಮೀಟರು ಓಡುತ್ತದೆ. ಉಳಿದ ಗುಣಾಕಾರವನ್ನು ವಾಚಕರೇ ಮಾಡಿಕೊಳ್ಳಲಿ. ಆದರೆ ಆ ವಿದ್ಯುತ್ತು ಉನ್ನತ ವೋಲ್ಟೇಜಿನ ತಂತಿಗಳಲ್ಲಿ ರಾಜ್ಯದ ಜಾಲವನ್ನು ಸೇರುವುದೇ ವಿನಾ ನೇರವಾಗಿ ಪಾವಗಡದ ಮನೆಗೆ ಬರುವುದಿಲ್ಲ.

ಇಲ್ಲಿ ನಮ್ಮ ಮೊದಲಿನ ಇಬ್ಬರ ಸ್ಥಾನ ಅದಲುಬದಲಾಗುತ್ತದೆ. ವಿದ್ಯುತ್ ಕಾರಿಗೆ ಹೊಗೆಯಿಲ್ಲ, ಶೋಧಕವಿಲ್ಲ, ಕಾಯಬೇಕಾದುದೇನೂ ಇಲ್ಲ. ಎರಡು ಕಿಲೋಮೀಟರಿನ ಓಟದಿಂದ ಅದಕ್ಕೆ ಬಾಧಕವಿಲ್ಲ. ಅಡಿಗಡಿಗೆ ನಿಲ್ಲುವಾಗ ಅದರ ಮೋಟಾರು ಡೈನಮೋದಂತೆ ತಿರುಗಿ ಶಕ್ತಿಯ ಒಂದಂಶವನ್ನು ಬ್ಯಾಟರಿಗೆ ಮರಳಿಸುತ್ತದೆ. ಹೆದ್ದಾರಿಯ ವೇಗದಲ್ಲಿ ಆ ಲಾಭವಿಲ್ಲ, ಗಾಳಿಯ ತಡೆಯೇ ಹೆಚ್ಚು. ಡೀಸೆಲಿಗೆ ಒಗ್ಗದ ಕೊರಟಗೆರೆಯ ಮಾಲೀಕರಿಗೆ ಇದು ಒಗ್ಗುತ್ತದೆ. ಶಿರಾದವರು ಬೆಂಗಳೂರಿನ ದಾರಿಯಲ್ಲಿ ಚಾರ್ಜಿಂಗ್ ಎಲ್ಲಿ ಸಿಗುವುದೆಂದು ಮೊದಲೇ ವಿಚಾರಿಸಬೇಕು. ಮನೆಯ 16 ಆಂಪೇರಿನ ಸಾಕೆಟ್ಟು 230 ವೋಲ್ಟಿನಲ್ಲಿ ಗಂಟೆಗೆ ಹೆಚ್ಚೆಂದರೆ 3.7 ಯೂನಿಟ್ ಕೊಡಬಲ್ಲುದು. ರಾತ್ರಿ ಎಂಟು ಗಂಟೆಗಳಲ್ಲಿ ಸುಮಾರು 29 ಯೂನಿಟ್. ವೋಲ್ಟೇಜು 180ಕ್ಕೆ ಕುಸಿದರೆ ಅದೇ ಎಂಟು ಗಂಟೆಗಳಲ್ಲಿ ದೊರೆಯುವುದು 23 ಮಾತ್ರ. ಆದುದರಿಂದ ಷೋರೂಮಿಗೆ ಹೋಗುವ ಮೊದಲು ಒಂದು ವಾರ ಪ್ರತಿಯೊಂದು ಸಂಚಾರದ ದೂರ ಮತ್ತು ನಿಮಿಷಗಳನ್ನು ಬರೆದಿಡಬಹುದು. ಸಂಜೆ ಏಳರ ನಂತರ ಮನೆಯ ವೋಲ್ಟೇಜು ಎಷ್ಟಿರುತ್ತದೆಂಬುದನ್ನೂ ಅದರ ಪಕ್ಕದಲ್ಲಿಯೇ ಗುರುತಿಸಿಕೊಳ್ಳಬಹುದು.