ಏಟು ಎಣಿಸಿದವರು

1656ರ ಡಿಸೆಂಬರ್ 18. ಲಂಡನ್ನಿನ ಬೀದಿಯಲ್ಲಿ ಒಬ್ಬ ಮನುಷ್ಯನನ್ನು ಗಾಡಿಯ ಹಿಂದೆ ಕಟ್ಟಿ, ಬರಿಮೈಯಲ್ಲಿ ನಡೆಸಿಕೊಂಡು, ಚಾವಟಿಯಿಂದ ಹೊಡೆಯುತ್ತ ಹೋದರು. ವೆಸ್ಟ್‌ಮಿನ್‌ಸ್ಟರ್‌ನಿಂದ ಹಳೆಯ ಎಕ್ಸ್‌ಚೇಂಜ್‌ವರೆಗೆ ಸುಮಾರು ಎರಡು ಮೈಲಿ ದಾರಿ. ದಾರಿಯಲ್ಲಿ ಅಡ್ಡ ಬರುವ ಒಂದೊಂದು ಚರಂಡಿಗೂ ಒಂದೊಂದು ಏಟು. ಚರಂಡಿಗಳು ಒಟ್ಟು 311, ಬಿದ್ದ ಏಟು 310. ಒಂದು ತಪ್ಪಿಹೋಯಿತೆಂದು ಹೊಡೆದವನೇ ಅಧಿಕಾರಿಯ ಮುಂದೆ ಒಪ್ಪಿಕೊಂಡ.

ಮುನ್ನೂರ ಹತ್ತು ಎಂದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ತಪ್ಪಿಹೋದ ಒಂದು. ಅದನ್ನೂ ಯಾರೋ ಕೇಳಿಸಿಕೊಂಡು ಬರೆದಿಟ್ಟಿದ್ದಾರಲ್ಲ!

ಏಟು ತಿಂದವನು ಜೇಮ್ಸ್ ನೇಲರ್. ಯಾರ್ಕ್‌ಶೈರಿನ ರೈತ, ಪಾರ್ಲಿಮೆಂಟಿನ ಸೈನ್ಯದಲ್ಲಿ ದುಡಿದವನು, ಆಮೇಲೆ ಕ್ವೇಕರ್ ಬೋಧಕ. ಆ ಅಕ್ಟೋಬರಿನಲ್ಲಿ ಜಡಿಮಳೆಯ ನಡುವೆ ಕುದುರೆಯೇರಿ ಬ್ರಿಸ್ಟಲ್ ನಗರ ಹೊಕ್ಕಿದ್ದ. ಹಿಂಬಾಲಕರು ಸುತ್ತ ಸ್ತೋತ್ರ ಹಾಡುತ್ತಿದ್ದರು. ಯೇಸು ಜೆರೂಸಲೇಮಿಗೆ ಬಂದದ್ದನ್ನು ಇವನು ಅಣಕಿಸಿದ, ಇದು ದೇವದೂಷಣೆ ಎಂದು ಪಾರ್ಲಿಮೆಂಟು ಹತ್ತು ಹನ್ನೆರಡು ದಿನ ಬೇರೆ ಕೆಲಸ ಬದಿಗಿಟ್ಟು ಚರ್ಚೆ ಮಾಡಿತು. ಗಲ್ಲಿಗೇರಿಸಬೇಕೆಂಬ ಮಾತು 82ಕ್ಕೆ 96 ಮತಗಳಿಂದ ಬಿದ್ದುಹೋಯಿತು. ಹದಿನಾಲ್ಕು ಮತಗಳಲ್ಲಿ ಜೀವ ಉಳಿಯಿತು. ಚಾವಟಿ, ಕಾದ ಕಬ್ಬಿಣದಿಂದ ತೂತು ಮಾಡಿದ ನಾಲಗೆ, ಹಣೆಯ ಮೇಲೆ ಬ್ಲಾಸ್ಫೀಮರ್ (ದೇವದೂಷಕ) ಎಂಬುದರ ‘ಬಿ’ ಅಕ್ಷರದ ಬರೆ ಇವು ಉಳಿದ ಜೀವದ ಪಾಲಿಗೆ ಬಂದವು.

ಕ್ವೇಕರ್ ಎಂದರೆ ನಡುಗುವವನು. ಅವರು ತಾವಾಗಿ ಇಟ್ಟುಕೊಂಡ ಹೆಸರಲ್ಲ ಅದು. 1650ರಲ್ಲಿ ಡರ್ಬಿಯ ಒಬ್ಬ ನ್ಯಾಯಾಧೀಶ ಜಾರ್ಜ್ ಫಾಕ್ಸ್ ಎಂಬ ಇಪ್ಪತ್ತಾರರ ಯುವಕನನ್ನು ಹಾಗೆ ಹಂಗಿಸಿದ. ದೇವರ ಮಾತಿಗೆ ನಡುಗಬೇಕು ಎಂದು ಫಾಕ್ಸ್ ಆ ನ್ಯಾಯಾಧೀಶನಿಗೇ ಬುದ್ಧಿ ಹೇಳಿದ್ದನಂತೆ. ಫಾಕ್ಸ್ ನೇಕಾರನ ಮಗ, ಚಮ್ಮಾರನ ಹತ್ತಿರ ಕೆಲಸ ಕಲಿತವನು. ಅವನು ಹೇಳಿದ್ದು ಇಷ್ಟೇ: ದೇವರ ಬೆಳಕು ಎಲ್ಲರೊಳಗೂ ಇದೆ, ನಡುವೆ ಪಾದ್ರಿ ಬೇಡ, ಚರ್ಚಿಗೆ ದಶಮಾಂಶ ಬೇಡ, ಆಣೆಪ್ರಮಾಣ ಬೇಡ, ದೊಡ್ಡವರೆಂದು ಯಾರಿಗೂ ಟೋಪಿ ತೆಗೆಯಬೇಕಿಲ್ಲ. ಇದರಲ್ಲಿ ಯಾವ ಒಂದು ಮಾತಿಗಾದರೂ ಜೈಲು ಖಚಿತವಾಗಿದ್ದ ಕಾಲ. ಅವನು ಎಂಟು ಸಲ ಒಳಗೆ ಹೋಗಿ ಬಂದ.

1652ರಲ್ಲಿ ಉತ್ತರ ಇಂಗ್ಲೆಂಡಿನ ಬೆಟ್ಟಗಳ ನಡುವೆ ಬೆರಳೆಣಿಕೆಯ ಜನ. 1660ರ ಹೊತ್ತಿಗೆ ಮೂವತ್ತರಿಂದ ಅರವತ್ತು ಸಾವಿರ ಎಂದು ಇತಿಹಾಸಕಾರರ ಅಂದಾಜು. ದೇಶದ ಜನಸಂಖ್ಯೆ ಆಗ ಸುಮಾರು ಐವತ್ತು ಲಕ್ಷ. ರೈಲಿಲ್ಲ, ಪತ್ರಿಕೆ ಹೆಸರಿಗಷ್ಟೇ. ಎಂಟು ವರ್ಷದಲ್ಲಿ ಇಷ್ಟು ಜನ ಹೇಗೆ ಕೂಡಿದರು ಎಂದು ಕೇಳಿದರೆ ಕಾಲ್ನಡಿಗೆಯ ಬೋಧಕರನ್ನು ಮೊದಲು ಹೇಳಬೇಕು. ಆ ಬೋಧಕರ ಚೀಲದಲ್ಲಿದ್ದ ಕಾಗದವನ್ನು ಅದರ ಜೊತೆಗೇ ಹೇಳಬೇಕು.

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎರಡೂ ಮಗ್ಗುಲಿಗೆ ನಾಲ್ಕು ನಾಲ್ಕು ಪುಟ ಅಚ್ಚು ಹಾಕಿ, ಎರಡು ಸಲ ಮಡಿಸಿ, ಅಂಚು ಕತ್ತರಿಸಿದರೆ ಎಂಟು ಪುಟದ ಪುಸ್ತಿಕೆ ಸಿದ್ಧ. ಹೊಲಿದರೂ ಸರಿ, ಹೊಲಿಯದಿದ್ದರೂ ಸರಿ. ಕೈಅಚ್ಚಿನ ಯಂತ್ರದ ಮುಂದೆ ಇಬ್ಬರು ನುರಿತ ಆಳುಗಳಿದ್ದರೆ, ಒಬ್ಬ ಮೊಳೆಗೆ ಮಸಿ ಬಳಿಯುವವನು ಇನ್ನೊಬ್ಬ ಹಿಡಿ ಎಳೆಯುವವನು, ಗಂಟೆಗೆ ಇನ್ನೂರು ಒತ್ತು. ಐನೂರು ಪ್ರತಿಗೆ ಸಾವಿರ ಒತ್ತು. ಮೊಳೆ ಜೋಡಿಸಿಕೊಟ್ಟರೆ ಬೆಳಿಗ್ಗೆ ಶುರುಮಾಡಿ ಮಧ್ಯಾಹ್ನಕ್ಕೆ ಮುಗಿಸಬಹುದು. ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಬಳಿ ಜೈಲ್ಸ್ ಕಾಲ್ವರ್ಟ್‌ನ ಅಂಗಡಿಯಿಂದ ಇಂಥವು ಕಟ್ಟುಕಟ್ಟಾಗಿ ಹೊರಬಿದ್ದವು. 1653ರ ನಂತರದ ಏಳು ದಶಕಗಳಲ್ಲಿ 440 ಮಂದಿ ಕ್ವೇಕರ್ ಲೇಖಕರು, 2,678 ಪ್ರಕಟಣೆಗಳು ಎಂದು ಒಂದು ಪ್ರಸಿದ್ಧ ಲೆಕ್ಕ. ಒಂದೊಂದಕ್ಕೂ ಐನೂರೇ ಪ್ರತಿ ಎಂದು ಹಿಡಿದುಕೊಳ್ಳೋಣ. 13 ಲಕ್ಷ 39 ಸಾವಿರ ಆಗುತ್ತದೆ. ಅಂದರೆ ದೇಶದ ನಾಲ್ಕು ಜನಕ್ಕೆ ಒಂದು ಪ್ರತಿ! ಹಾಲು ಕರೆಯುವವರು, ಮಗ್ಗದವರು, ಆಳಾಗಿ ಮನೆಗೆಲಸ ಮಾಡಿಕೊಂಡಿದ್ದ ಹೆಂಗಸರು ಬರೆಯಲು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಈ ಹುಚ್ಚು ಇವರದೊಂದೇ ಆಗಿರಲಿಲ್ಲ. 1641ರಲ್ಲಿ ಮುದ್ರಣದ ಮೇಲಿನ ಹಳೆಯ ಕಾವಲು ಕುಸಿದಾಗ ಇಡೀ ಲಂಡನ್ ಅಚ್ಚಿನಲ್ಲಿ ಜಗಳಕ್ಕೆ ನಿಂತಿತ್ತು. ಜಾರ್ಜ್ ಥಾಮಸನ್ ಎಂಬ ಪುಸ್ತಕ ವ್ಯಾಪಾರಿ ಬೀದಿಗೆ ಬಂದದ್ದನ್ನೆಲ್ಲ ಒಂದೊಂದು ಪ್ರತಿಯಂತೆ ಎತ್ತಿಡುತ್ತ ಹೋದ. ಎಷ್ಟೋ ಪ್ರತಿಗಳ ಮೇಲೆ ಕೈಗೆ ಬಂದ ತಾರೀಕನ್ನು ತನ್ನ ಅಕ್ಷರದಲ್ಲೇ ಬರೆದ. ಇಪ್ಪತ್ತು ವರ್ಷದಲ್ಲಿ ಅವನ ಸಂಗ್ರಹ ಸುಮಾರು 22,000 ಮುಟ್ಟಿತು. ಒಂದು ಸಂಪುಟವನ್ನು ದೊರೆ ಒಂದನೆಯ ಚಾರ್ಲ್ಸ್ ಓದಲು ತರಿಸಿಕೊಂಡಿದ್ದ. ದಾರಿಯಲ್ಲಿ ಅದು ಕೆಸರಿಗೆ ಬಿತ್ತು. ಕೆಸರಿನ ಕಲೆ ಇನ್ನೂ ಹಾಗೇ ಇದೆ. ದೊರೆಯ ತಲೆಯೇ ಉರುಳಿತು, ಕಲೆ ಮಾತ್ರ ಹೋಗಲಿಲ್ಲ.

ಕ್ವೇಕರರ ಕಾಗದಗಳಲ್ಲಿ ನನಗೆ ತೀರ ವಿಚಿತ್ರವಾಗಿ ಕಂಡದ್ದು 1659ರದು. ದಶಮಾಂಶ ವಸೂಲಿ ನಿಲ್ಲಿಸಿ ಎಂದು ಪಾರ್ಲಿಮೆಂಟಿಗೆ ಕೊಟ್ಟ ಮನವಿ. ಬರೆದವರೆಲ್ಲ ಹೆಂಗಸರು. ಏಳು ಸಾವಿರಕ್ಕೂ ಹೆಚ್ಚು ಹೆಸರಿದೆ ಎಂದು ಮುಖಪುಟವೇ ಸಾರುತ್ತದೆ. ಅಚ್ಚು ಹಾಕಿಸಿದವಳೂ ಹೆಂಗಸೇ, ಮೇರಿ ವೆಸ್ಟ್‌ವುಡ್. ಒಳಗೆ ವಾದ ಕಡಿಮೆ. ಪುಟ ತಿರುಗಿಸಿದಷ್ಟೂ ಹೆಸರು, ಹೆಸರು, ಹೆಸರು. ಊರೂರಿನ ಮೇರಿ, ಆನ್, ಎಲಿಜಬೆತ್. ಎರಡು ಸೆಕೆಂಡಿಗೊಂದರಂತೆ ಉಸಿರು ಬಿಡದೆ ಓದಿದರೆ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ಮತ ಹಾಕುವ ಹಕ್ಕಿಗೆ ಆ ಹೆಂಗಸರ ಮೊಮ್ಮಕ್ಕಳೂ ಮರಿಮಕ್ಕಳೂ ಕಾದು ಸತ್ತರು. ಪಾರ್ಲಿಮೆಂಟು ದಶಮಾಂಶ ನಿಲ್ಲಿಸಲಿಲ್ಲ. ಆದರೂ ಒಂದು ಪುಟ ತುಂಬ ಬರೀ ಹೆಸರು ಕೂರಿಸಲು ಮೊಳೆ ಜೋಡಿಸುವವನ ಬೆರಳು ಎಷ್ಟು ನೋಯಬೇಕು ಎಂದು ಅಚ್ಚುಕೂಟ ಕಂಡವರಿಗೆ ಗೊತ್ತು.

ಮುಂದಿನ ವರ್ಷ ಬಂದ ಒಂದು ಪುಸ್ತಕದ ತಗಾದೆ ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ: ನೀನು, ನೀವು. ಒಬ್ಬನಿಗೆ ಏಕವಚನ, ಹಲವರಿಗೆ ಬಹುವಚನ, ಅದು ಬಿಟ್ಟು ಮರ್ಯಾದೆಗೆಂದು ಒಬ್ಬನನ್ನು ‘ನೀವು’ ಅನ್ನುವುದು ಸುಳ್ಳು ಎಂದು ಕ್ವೇಕರರ ಹಟ. ನ್ಯಾಯಾಧೀಶನೂ ‘ನೀನು’, ಜಮೀನುದಾರನೂ ‘ನೀನು’. ತಹಶೀಲ್ದಾರರ ಮುಂದೆ ನಿಂತು ‘ಏನಯ್ಯಾ ನೀನು’ ಎಂದು ನೋಡಿ, ಆಗ ತಿಳಿಯುತ್ತದೆ ಅವರು ಯಾಕೆ ಒದೆ ತಿಂದರೆಂದು. ಈ ಹಟಕ್ಕೆ ಆಧಾರ ಒದಗಿಸಲು ಫಾಕ್ಸ್, ಜಾನ್ ಸ್ಟಬ್ಸ್, ಬೆಂಜಮಿನ್ ಫರ್ಲಿ ಮೂವರೂ ಸೇರಿ ಲ್ಯಾಟಿನ್, ಇಟಾಲಿಯನ್, ಗ್ರೀಕ್, ಹೀಬ್ರೂ ಎನ್ನುತ್ತ ಮೂವತ್ತರಷ್ಟು ಭಾಷೆಗಳಿಂದ ಏಕವಚನ ಬಹುವಚನಗಳನ್ನು ಒಟ್ಟುಮಾಡಿದರು. ಪುಟದ ಚೌಕಟ್ಟು ಮಕ್ಕಳು ಅಕ್ಷರ ತಿದ್ದುವ ಹಿಡಿಹಲಗೆಯ ಆಕಾರದಲ್ಲಿದೆ. ಪಂಡಿತರೇ, ಮೊದಲು ಇದನ್ನು ಕಲಿಯಿರಿ ಎಂಬ ಕುಹಕ.

ಕಾಗದ ಹೋದಲ್ಲಿಗೆ ಬೆಂಕಿಯೂ ಹೋಯಿತು. 1656ರ ಜುಲೈಯಲ್ಲಿ ಮೇರಿ ಫಿಶರ್, ಆನ್ ಆಸ್ಟಿನ್ ಎಂಬ ಇಬ್ಬರು ಹೆಂಗಸರು ಹಡಗಿನಲ್ಲಿ ಅಮೆರಿಕದ ಬಾಸ್ಟನ್ ಬಂದರಿಗೆ ಬಂದರು. ಪೆಟ್ಟಿಗೆಯಲ್ಲಿ ಸುಮಾರು ನೂರು ಪುಸ್ತಕ. ನಗರದ ಆಡಳಿತ ಅಷ್ಟನ್ನೂ ಸುಡಿಸಿತು. ಇವರನ್ನು ಐದು ವಾರ ಜೈಲಿನಲ್ಲಿಟ್ಟು, ಯಾರ ಜೊತೆಗೂ ಮಾತಾಡದಂತೆ ಕಿಟಕಿಗೆ ಹಲಗೆ ಬಡಿಸಿ, ಆಮೇಲೆ ವಾಪಸು ಅಟ್ಟಿತು. ಇಬ್ಬರು ಹೆಂಗಸರಿಗೆ ಇಷ್ಟು ಹೆದರಿಕೆ. ಐದು ವರ್ಷದೊಳಗೆ ಅದೇ ಊರು ನಾಲ್ವರು ಕ್ವೇಕರರನ್ನು ನೇಣಿಗೆ ಹಾಕಿತು. ಅವರಲ್ಲಿ ಒಬ್ಬಳು ಮೇರಿ ಡೈಯರ್.

ಇಂಗ್ಲೆಂಡಿನಲ್ಲಿ ನೇಣು ಬೇಕಾಗಲಿಲ್ಲ, ಜೈಲೇ ಸಾಕಾಯಿತು. ಜೇಮ್ಸ್ ಪಾರ್ನೆಲ್ ಹದಿನೆಂಟು ತುಂಬುವ ವೇಳೆಗೇ ಕರಪತ್ರ ಬರೆದವನು. ಕೋಲ್ಚೆಸ್ಟರ್ ಕೋಟೆಯ ಗೋಡೆಯಲ್ಲಿ ಎತ್ತರದ ಒಂದು ಗೂಡಿನಲ್ಲಿ ಅವನನ್ನು ಇಟ್ಟಿದ್ದರು. ಊಟಕ್ಕೆ ಇಳಿದು ಬರಬೇಕು. ಏಣಿ ಇತ್ತು, ಆದರೆ ಆರು ಅಡಿ ಗಿಡ್ಡ. ಮಿಕ್ಕ ಆರು ಅಡಿಗೆ ಹಗ್ಗ ಹಿಡಿದು ಜೋತಾಡಬೇಕು. ಚಳಿಗೆ ಮರಗಟ್ಟಿದ ಕೈ ಒಂದು ದಿನ ಜಾರಿತು. ಕಲ್ಲಿನ ಮೇಲೆ ಬಿದ್ದ. 1656ರ ವಸಂತದಲ್ಲಿ ಸತ್ತಾಗ ಅವನ ವಯಸ್ಸು ಹತ್ತೊಂಬತ್ತು. ಉಪವಾಸ ಮಾಡಿ ತಾನಾಗಿ ಸತ್ತ ಎಂದು ಅಧಿಕಾರಿಗಳು ಷರಾ ಬರೆದರು. ಏಣಿಯ ಅಳತೆಯನ್ನು ಬರೆದಿಟ್ಟವರು ಗೆಳೆಯರು. ನಾಲ್ಕು ಶತಮಾನ ಹತ್ತಿರವಾದರೂ ಆ ಆರು ಅಡಿಗೆ ಯಾರೂ ಉತ್ತರ ಕೊಟ್ಟಿಲ್ಲ.

1661ರ ಜನವರಿಯಲ್ಲಿ ಬೇರೊಂದು ಪಂಥದ ಹಿಡಿಯಷ್ಟು ಜನ ಲಂಡನ್ನಿನಲ್ಲಿ ಕತ್ತಿ ಹಿರಿದು ದಂಗೆ ಎದ್ದರು. ಸಿಟ್ಟು ಕ್ವೇಕರರ ಮೇಲೆ ತಿರುಗಿತು. ಕೆಲವೇ ವಾರಗಳಲ್ಲಿ ಜೈಲಿಗೆ ಹೋದ ಕ್ವೇಕರರು 4,230. ಪಂಥದ ಗಾತ್ರವನ್ನು ಮೇಲೆ ಹೇಳಿದ ಅಂದಾಜಿಗೆ ಹೋಲಿಸಿ: ಏಳರಲ್ಲಿ ಒಬ್ಬರು, ತೀರ ಕಡಿಮೆ ಎಂದರೂ ಹದಿನಾಲ್ಕರಲ್ಲಿ ಒಬ್ಬರು. ನಾವು ಆಯುಧ ಹಿಡಿಯುವವರಲ್ಲ ಎಂಬ ಅವರ ಹೆಸರಾಂತ ಘೋಷಣೆ ಅಚ್ಚಾದದ್ದು ಅದೇ ತಿಂಗಳು.

ಆಮೇಲೆ ಬಂದ ಕಾನೂನುಗಳಲ್ಲಿ ಅಂಕಿಯೇ ಆಯುಧ. ಮನೆಯವರನ್ನು ಬಿಟ್ಟು ಐದು ಜನ ಪ್ರಾರ್ಥನೆಗೆ ಸೇರಿದರೆ ಅಪರಾಧ. 1670ರ ಕಾಯಿದೆಯಂತೆ ಸುಮ್ಮನೆ ಬಂದು ಕೂತವನಿಗೆ ಐದು ಶಿಲ್ಲಿಂಗ್, ಮತ್ತೆ ಬಂದರೆ ಹತ್ತು. ಮಾತಾಡಿದವನಿಗೆ ಇಪ್ಪತ್ತು ಪೌಂಡ್, ಮತ್ತೆ ಮಾತಾಡಿದರೆ ನಲವತ್ತು. ಕೂಲಿಯಾಳಿಗೆ ದಿನಕ್ಕೆ ಹೆಚ್ಚುಕಡಿಮೆ ಒಂದು ಶಿಲ್ಲಿಂಗ್ ಸಿಗುತ್ತಿದ್ದ ಕಾಲ. ಇಪ್ಪತ್ತು ಪೌಂಡ್ ಎಂದರೆ ನಾನೂರು ದಿನದ ಕೂಲಿ. ಅದರಲ್ಲಿ ಮೂರನೆಯ ಒಂದು ಪಾಲು ಚಾಡಿ ಹೇಳಿದವನ ಜೇಬಿಗೆ. ಒಂದು ಭಾನುವಾರ ಪಕ್ಕದ ಮನೆಯ ಬಾಗಿಲಿಗೆ ಕಿವಿಗೊಟ್ಟರೆ ನಾಲ್ಕು ತಿಂಗಳ ದುಡಿಮೆ! ದಂಡ ಕಟ್ಟದವರ ಮನೆಯಿಂದ ಹಸು, ಹಾಸಿಗೆ, ಹಂಡೆ ಜಪ್ತಿ. ಇವರು ಗುಟ್ಟಾಗಿ ಸೇರುತ್ತಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು, ಆದರೆ ಬಾಗಿಲು ತೆರೆದಿಟ್ಟೇ ಕೂರುತ್ತಿದ್ದರು. 1682ರಲ್ಲಿ ಬ್ರಿಸ್ಟಲಿನ ದೊಡ್ಡವರೆಲ್ಲ ಜೈಲಿನಲ್ಲಿದ್ದಾಗ ಮಕ್ಕಳೇ ಸಭೆ ನಡೆಸಿದರು, ಅದಕ್ಕೆ ಬೆತ್ತದ ಏಟನ್ನೂ ತಿಂದರು.

ಅಚ್ಚು ಹಾಕುವವರ ಪಾಡು ಇದಕ್ಕಿಂತ ಚೆನ್ನಾಗೇನೂ ಇರಲಿಲ್ಲ. 1662ರ ಪರವಾನಗಿ ಕಾಯಿದೆ ಲಂಡನ್ನಿನ ಯಜಮಾನ ಮುದ್ರಕರನ್ನು ಇಪ್ಪತ್ತಕ್ಕೆ ಇಳಿಸಲು ಹೊರಟಿತ್ತು. ಆಂಡ್ರೂ ಸೋಲ್ ಎಂಬ ಕ್ವೇಕರ್ ಮುದ್ರಕನ ಕಾರ್ಖಾನೆಗೆ ಸರ್ಕಾರದ ಆಳುಗಳು ಮತ್ತೆ ಮತ್ತೆ ನುಗ್ಗಿದರು, ಮೊಳೆ ಚೆಲ್ಲಿದರು, ಯಂತ್ರ ಮುರಿದರು. ಒಂದು ಸಲ ಸುಮಾರು ಸಾವಿರ ರೀಮು ಅಚ್ಚಾದ ಕಾಗದ ಹೊತ್ತೊಯ್ದರೆಂದು ಅವನ ಬಗ್ಗೆ ಬರೆದವರು ಹೇಳುತ್ತಾರೆ. ರೀಮಿಗೆ 480 ಹಾಳೆ ಎಂದರೂ 4 ಲಕ್ಷ 80 ಸಾವಿರ ಹಾಳೆ. ಒಡೆದು ಸುಸ್ತಾದವರ ಮುಂದೆ ಸೋಲ್ ಊಟ ಇಡುತ್ತಿದ್ದನಂತೆ. ಅವನ ಮಗಳು ಟೇಸ್ ಕಾರ್ಖಾನೆ ವಹಿಸಿಕೊಂಡಳು. ಮೊಳೆ ಜೋಡಿಸುವುದರಲ್ಲಿ ಅವಳ ಕೈಚಳಕವನ್ನು ಹೊರಗಿನವರೂ ಹೊಗಳಿದ್ದಾರೆ.

1689ರಲ್ಲಿ ಸಹನೆಯ ಕಾಯಿದೆ ಬರುವ ಹೊತ್ತಿಗೆ ಜೈಲು ಕಂಡವರು ಹದಿನೈದು ಸಾವಿರ, ಅಲ್ಲೇ ಸತ್ತವರು ಸುಮಾರು 450 ಎಂದು ಸಾಮಾನ್ಯವಾಗಿ ಕೊಡುವ ಅಂಕಿ. ಇಷ್ಟಾದರೂ ಹೇಳಲು ಸಾಧ್ಯವಾದದ್ದು ಏಟು ತಿಂದವರೇ ಲೆಕ್ಕ ಇಟ್ಟದ್ದರಿಂದ. ಊರಿನ ಸಭೆ ಜಿಲ್ಲೆಗೆ, ಜಿಲ್ಲೆ ಲಂಡನ್ನಿಗೆ ವರದಿ ಕಳಿಸಬೇಕು: ಯಾರು, ಯಾವ ದಿನ, ಹಿಡಿಸಿದವರು ಯಾರು, ಹೋದ ಹಸು ಎಷ್ಟು, ಅದರ ಬೆಲೆ ಎಷ್ಟು. ಎಲ್ಲಿಸ್ ಹೂಕ್ಸ್ ಎಂಬ ಗುಮಾಸ್ತ ಕೂತು ನಕಲು ಮಾಡುತ್ತಿದ್ದ. ಅಂಗಡಿ ಇಟ್ಟವರ, ಹೊಲ ಉತ್ತವರ ಖಾತೆ ಪುಸ್ತಕದ ಚಟವೇ ಇದು. ದೇವರ ಹೆಸರಿನ ಜಗಳಕ್ಕೆ ಅದನ್ನೇ ತಂದರು. ಹೀಗೆ ಬೆಳೆದ ಮಹಾ ದಫ್ತರು 44 ಸಂಪುಟ. ಜೋಸೆಫ್ ಬೆಸ್ ಅದರ ಮೊದಲ ನಲವತ್ತು ವರ್ಷಗಳ ಸಾರ ತೆಗೆದು 1753ರಲ್ಲಿ ಅಚ್ಚು ಹಾಕಿಸಿದಾಗ ಎರಡು ದಪ್ಪ ಸಂಪುಟವಾಯಿತು. ತಮ್ಮವರ ಕಡೆಗೇ ವಾಲಿದ ಲೆಕ್ಕ ಎಂಬುದನ್ನು ಮರೆಯುವ ಹಾಗಿಲ್ಲ, ಆದರೆ ಹೊಡೆದವರ ಕಡೆಯಿಂದ ಇದಕ್ಕೆ ಎದುರಿಡಬಲ್ಲ ಖಾತೆ ಯಾವುದೂ ಇಲ್ಲ.

ಇವರನ್ನು ಹೊಗಳಿ ಮುಗಿಸಿಬಿಡಲು ನನಗೆ ಮನಸ್ಸಿಲ್ಲ. 1673ರಿಂದ ಲಂಡನ್ನಿನಲ್ಲಿ ಸೋಮವಾರ ಬೆಳಗಿನ ಒಂದು ಸಭೆ ಶುರುವಾಯಿತು. ಕ್ವೇಕರರು ಬರೆದದ್ದೆಲ್ಲ ಅಚ್ಚಿಗೆ ಹೋಗುವ ಮುಂಚೆ ಇಲ್ಲಿ ಪಾಸಾಗಬೇಕು. ರಾಜನ ಪರವಾನಗಿಗೆ ತಲೆಬಾಗದವರು ತಮ್ಮದೇ ಪರವಾನಗಿ ಕಚೇರಿ ತೆರೆದರು. ಕೆಂಡದಂಥ ಬರಹ ತಣ್ಣಗಾಯಿತು. ಫಾಕ್ಸ್‌ನ ಬರಹಕ್ಕೂ ತಕರಾರು ಬಂದು ಅವನು ರೇಗಿದ. ನೇಲರ್ ಸತ್ತದ್ದು 1660ರಲ್ಲಿ. ಅವನ ಬರಹಗಳನ್ನು ಒಟ್ಟುಮಾಡಿ ಅವನವರೇ ಪ್ರಕಟಿಸಿದ್ದು 1716ರಲ್ಲಿ. ಐವತ್ತಾರು ವರ್ಷದ ಮುಜುಗರ. 310 ಏಟನ್ನು ಲೆಕ್ಕವಿಟ್ಟವರ ಖಾತೆಯಲ್ಲಿ ಈ ಐವತ್ತಾರೂ ಇರಬೇಕು.

ಅದೇ ಸೋಮವಾರದ ಸಭೆ 1673ರಲ್ಲೇ ಇನ್ನೊಂದು ತೀರ್ಮಾನ ಮಾಡಿತು. ನಮ್ಮವರು ಬರೆದ ಪ್ರತಿ ಪುಸ್ತಕದ ಎರಡು ಪ್ರತಿ, ನಮ್ಮ ವಿರುದ್ಧ ಬರೆದ ಪ್ರತಿ ಪುಸ್ತಕದ ಒಂದು ಪ್ರತಿ ತೆಗೆದಿಡತಕ್ಕದ್ದು. ಬೈದದ್ದನ್ನೂ ಬಿಡಲಿಲ್ಲ. ಆ ಪುಸ್ತಕಗಳೂ 44 ಸಂಪುಟಗಳೂ ಈಗ ಲಂಡನ್ನಿನ ಯೂಸ್ಟನ್ ರಸ್ತೆಯಲ್ಲಿ, ರೈಲು ನಿಲ್ದಾಣದ ಎದುರಿನ ಫ್ರೆಂಡ್ಸ್ ಹೌಸ್ ಕಟ್ಟಡದಲ್ಲಿವೆ. ಥಾಮಸನ್ನನ ಇಪ್ಪತ್ತೆರಡು ಸಾವಿರ, ಕೆಸರಿನ ಕಲೆಯೂ ಸೇರಿ, ಅದೇ ರಸ್ತೆಯ ಬ್ರಿಟಿಷ್ ಲೈಬ್ರರಿಯಲ್ಲಿದೆ. ಒಂದರಿಂದ ಇನ್ನೊಂದಕ್ಕೆ ನಡೆದರೆ ಹತ್ತು ನಿಮಿಷ.