ಇ-ಬೈಕಿನ ಥ್ರಾಟಲ್ ಕೆಟ್ಟರೆ ಏನು ಮಾಡೋದು? ಮೂರು ವೈರು, ಒಂದು ಮಲ್ಟಿಮೀಟರ್

ಇದು ಹೋದ ವಾರದ ವಿಡಿಯೋದ ಬರಹ ರೂಪ. ಮಾತಾಡುವಾಗ ವೋಲ್ಟೇಜ್ ಅಂಕಿಗಳನ್ನು ಸ್ವಲ್ಪ ಅವಸರದಲ್ಲಿ ಹೇಳಿಬಿಟ್ಟಿದ್ದೆ. ಇಲ್ಲಿ ಎಲ್ಲವನ್ನೂ ನಿಧಾನವಾಗಿ, ಒಂದೊಂದಾಗಿ ಬರೆದಿದ್ದೀನಿ. ಕೈಯಲ್ಲಿ ಸ್ಪ್ಯಾನರ್ ಹಿಡ್ಕೊಂಡು ಓದೋರಿಗೂ ಅನುಕೂಲ ಆಗಲಿ ಅಂತ.

ಮೊದಲು ಕಥೆ ಹೇಳ್ತೀನಿ, ಆಮೇಲೆ ಕೆಲಸ.

ನಾನಿರೋದು ಪುಣೆಯ ವಾಕಡ್‌ನಲ್ಲಿ. ನಮ್ಮ ಸೊಸೈಟಿಗೆ ದಿನಸಿ ತಂದುಕೊಡುವ ಒಬ್ಬ ಹುಡುಗ ಇದ್ದಾನೆ, ವಿಜಯಪುರದ ಕಡೆಯವನು. ನಾನು ಫೋನಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡೋದು ಕೇಳಿ "ಅಣ್ಣಾರ, ನೀವು ನಮ್ಮ ಕಡೆಯವ್ರೇನ್ರಿ?" ಅಂತ ಕೇಳಿದ್ದ. ಹಾಸನ ಅವನಿಗೆ "ನಮ್ಮ ಕಡೆ" ಅಲ್ಲ, ಆದರೆ ಪುಣೆಯಲ್ಲಿ ನಿಂತಾಗ ಹಾಸನಕ್ಕೂ ವಿಜಯಪುರಕ್ಕೂ ದೂರ ಕಮ್ಮಿ ಆಗುತ್ತೆ. ಅಂದಿನಿಂದ ಪರಿಚಯ.

ಜುಲೈ ತಿಂಗಳ ಒಂದು ರಾತ್ರಿ, ಜೋರು ಮಳೆ. ಅವನು ತನ್ನ ಎಲೆಕ್ಟ್ರಿಕ್ ಬೈಕನ್ನು ತಳ್ಳಿಕೊಂಡು ಗೇಟಿನ ಹತ್ತಿರ ಬಂದ. ಮೊಣಕಾಲು ಕಿತ್ತುಹೋಗಿತ್ತು. "ಅಣ್ಣಾರ, ಗಾಡಿ ತಾನ ಓಡ್ತದ್ರಿ. ಎಡಕ್ಕ ಹೊಳ್ಳಿಸಿದೆ, ಒಮ್ಮೆಲೆ ಜಿಗೀತು. ಬ್ರೇಕ್ ಹಿಡದ್ರೂ ನಿಂದರಲಿಲ್ಲ. ಗ್ವಾಡಿಗೆ ಹೊಡದೆ." ಗೋಡೆ ಆಗಿದ್ದಕ್ಕೆ ಸರಿ ಹೋಯ್ತು. ಹತ್ತು ಮೀಟರ್ ಹಿಂದೆ ಆಗಿದ್ದರೆ ಅದು ಬಸ್ಸು ಹೋಗುವ ರಸ್ತೆ.

ರಿಪೇರಿ ಅಂಗಡಿಯವನು ಕಂಟ್ರೋಲರ್, ಥ್ರಾಟಲ್, ವೈರಿಂಗ್ ಎಲ್ಲ ಬದಲಿಸಬೇಕು, 4,200 ರೂಪಾಯಿ, ನಾಲ್ಕು ದಿನ ಅಂದನಂತೆ. ನಾಲ್ಕು ದಿನ ಗಾಡಿ ಇಲ್ಲ ಅಂದ್ರೆ ನಾಲ್ಕು ದಿನ ಸಂಪಾದನೆ ಇಲ್ಲ, ಜೊತೆಗೆ ಆ ವಾರದ ಇನ್ಸೆಂಟಿವ್ ಕೂಡ ಇಲ್ಲ. ನಮಗೆ ಲ್ಯಾಪ್‌ಟಾಪ್ ಕೆಟ್ಟರೆ ಐಟಿ ವಿಭಾಗಕ್ಕೆ ಟಿಕೆಟ್ ಹಾಕಿ ಟೀ ಕುಡಿಯೋಕೆ ಹೋಗ್ತೀವಿ, ಸಂಬಳ ನಿಲ್ಲೋದಿಲ್ಲ. "ಒಂದು ರಾತ್ರಿ ಇಲ್ಲೇ ಬಿಡಪ್ಪ, ನೋಡೋಣ" ಅಂದೆ.

ಥ್ರಾಟಲ್ ಒಳಗೆ ಏನಿರುತ್ತೆ?

ಥ್ರಾಟಲ್ ಅಂದ್ರೆ ನಾವು ಎಕ್ಸಲೇಟರ್ ಅಂತೀವಲ್ಲ, ಅದೇ. ಪೆಟ್ರೋಲ್ ಬೈಕಿನ ಹಳೆಯ ಎಕ್ಸಲೇಟರ್ ಒಂದು ಉಕ್ಕಿನ ಕೇಬಲ್ ಎಳೆಯುತ್ತೆ. ಇ-ಬೈಕಿನದು ಏನನ್ನೂ ಎಳೆಯಲ್ಲ, ಒಂದು ಅಂಕಿ ಹೇಳುತ್ತೆ, ಅಷ್ಟೇ.

ತಿರುಗುವ ಹಿಡಿಯೊಳಗೆ ಅಯಸ್ಕಾಂತಗಳಿರುತ್ತವೆ. ತಿರುಗದ ಭಾಗದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಹಾಲ್ ಸೆನ್ಸರ್ ಇರುತ್ತೆ. ಎಡ್ವಿನ್ ಹಾಲ್ ಅನ್ನುವ ಅಮೆರಿಕದ ವಿದ್ಯಾರ್ಥಿ 1879ರಲ್ಲಿ ಕಂಡುಹಿಡಿದ ತತ್ವ ಇದು: ಕರೆಂಟು ಹರಿಯುವ ವಾಹಕದ ಹತ್ತಿರ ಅಯಸ್ಕಾಂತ ತಂದರೆ ಅದರ ಅಡ್ಡಕ್ಕೆ ಒಂದು ಸಣ್ಣ ವೋಲ್ಟೇಜ್ ಹುಟ್ಟುತ್ತೆ. ಹಿಡಿ ತಿರುಗಿಸಿದಾಗ ಅಯಸ್ಕಾಂತ ಜರುಗುತ್ತೆ, ಸೆನ್ಸರ್ ಕೊಡುವ ವೋಲ್ಟೇಜ್ ಬದಲಾಗುತ್ತೆ.

ಹೊರಗೆ ಬರುವುದು ಮೂರು ವೈರು. ಸಾಮಾನ್ಯವಾಗಿ ಕೆಂಪು ವೈರು ಕಂಟ್ರೋಲರಿನಿಂದ ಬರುವ ಸುಮಾರು 5 ವೋಲ್ಟ್, ಕಪ್ಪು ಗ್ರೌಂಡ್, ಹಸಿರು ಅಥವಾ ಬಿಳಿ ಸಿಗ್ನಲ್. ಹಿಡಿ ಬಿಟ್ಟಾಗ ಸಿಗ್ನಲ್ ಸುಮಾರು 0.8 ವೋಲ್ಟ್ ಇರುತ್ತೆ, ಪೂರ್ತಿ ತಿರುಗಿಸಿದಾಗ 3.6ರಿಂದ 4.2ರ ಆಸುಪಾಸು.

ಬಿಟ್ಟಾಗ ಸೊನ್ನೆ ಯಾಕಿಲ್ಲ? ನಮ್ಮ ಭಾಷೆಯಲ್ಲೇ ಹೇಳ್ತೀನಿ. ಡೇಟಾಬೇಸ್‌ನಲ್ಲಿ ಸೊನ್ನೆ ಬೇರೆ, ನಲ್ ಬೇರೆ ಅಲ್ವಾ? ಇಲ್ಲೂ ಹಾಗೇ. 0.8 ಅಂದ್ರೆ "ನಾನಿದ್ದೀನಿ, ಸವಾರ ಹಿಡಿ ತಿರುಗಿಸಿಲ್ಲ." 0 ಅಂದ್ರೆ "ವೈರೇ ಇಲ್ಲ." ಮೇಲಿನ ತುದಿಯೂ ಅಷ್ಟೇ, ಸರಿಯಾದ ಥ್ರಾಟಲ್ ಪೂರ್ತಿ 5 ತಲುಪೋದಿಲ್ಲ. ಮೀಟರ್ 4.6, 4.8 ತೋರಿಸಿದರೆ ಅದು ಸವಾರನ ಕೈ ಅಲ್ಲ, ಕೆಟ್ಟ ವೈರಿಂಗ್.

ಅಪಾಯ ಇರೋದು ಇಲ್ಲೇ. ಸಿಗ್ನಲ್ ವೈರು ತುಂಡಾದರೆ ಸಾಮಾನ್ಯವಾಗಿ ಗಾಡಿ ನಿಲ್ಲುತ್ತೆ. ಆದರೆ ಕಪ್ಪು ವೈರು ತುಂಡಾದರೆ ಸೆನ್ಸರಿಗೆ ನೆಲೆಯೇ ತಪ್ಪುತ್ತೆ, ಸಿಗ್ನಲ್ 5 ವೋಲ್ಟ್ ಕಡೆಗೆ ಏರಿಬಿಡಬಹುದು. ಕಂಟ್ರೋಲರ್ ಅದನ್ನು ಫುಲ್ ಸ್ಪೀಡ್ ಅಂತ ಓದುತ್ತೆ. ಕೀ ಹಾಕುವಾಗಲೇ ಸಿಗ್ನಲ್ ಹೆಚ್ಚಿದ್ದರೆ ಎಷ್ಟೋ ಕಂಟ್ರೋಲರುಗಳು ಮೋಟಾರ್ ಶುರು ಮಾಡಲ್ಲ. ಓಡುತ್ತಿರುವಾಗ ಏರಿದರೆ ಎಲ್ಲವೂ ತಡೆಯಲ್ಲ.

ಏನು ಕೆಟ್ಟಿದೆ ಅಂತ ಮೊದಲು ಅಳೆಯಿರಿ

ಪಾರ್ಟ್ ತಂದು ಆಮೇಲೆ ನೋಡೋಣ ಅನ್ನಬೇಡಿ. ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ಹಿಂದಿನ ಚಕ್ರ ನೆಲ ಬಿಟ್ಟು ಮೇಲಿರಬೇಕು, ಸ್ಟ್ಯಾಂಡ್ ಗಟ್ಟಿಯಾಗಿರಬೇಕು, ಮಕ್ಕಳು ಹತ್ತಿರ ಇರಬಾರದು. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಡಿ. ಥ್ರಾಟಲ್ ಕನೆಕ್ಟರಿನ ಹಿಂಬದಿಯಿಂದ ಮೀಟರ್ ಮೊನೆ ತೂರಿಸಿ ಅಳೆಯಿರಿ. ಎರಡು ಮೊನೆ ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳಿ.

1. ಕಪ್ಪು ಮತ್ತು ಕೆಂಪಿನ ನಡುವೆ ಸುಮಾರು 5 ವೋಲ್ಟ್ ಇದೆಯಾ? ಇಲ್ಲದಿದ್ದರೆ ಥ್ರಾಟಲ್ ಕನೆಕ್ಟರ್ ಬಿಡಿಸಿ, ಕಂಟ್ರೋಲರ್ ಕಡೆಯಲ್ಲಿ ಮತ್ತೆ ಅಳೆಯಿರಿ. ಈಗ 5 ಬಂತು ಅಂದ್ರೆ ಥ್ರಾಟಲ್ ಒಳಗೆ ಶಾರ್ಟ್ ಆಗಿದೆ. ಆಗಲೂ ಬರಲಿಲ್ಲ ಅಂದ್ರೆ ತೊಂದರೆ ಕಂಟ್ರೋಲರ್, ಕೀ ಅಥವಾ ಬ್ಯಾಟರಿ ಕಡೆ ಇದೆ. ಹೊಸ ಥ್ರಾಟಲ್ ತಂದು ಪ್ರಯೋಜನ ಇಲ್ಲ.

2. ಕಪ್ಪು ಮತ್ತು ಸಿಗ್ನಲ್ ನಡುವೆ ಅಳೆಯಿರಿ. ಹಿಡಿ ನಿಧಾನವಾಗಿ ತಿರುಗಿಸಿದರೆ 0.8ರಿಂದ 4ರ ತನಕ ಮೆಟ್ಟಿಲಿಲ್ಲದೆ ಏರಬೇಕು, ಬಿಟ್ಟರೆ ತಕ್ಷಣ ಇಳಿಯಬೇಕು.

3. ಮೀಟರ್ ಹಾಗೇ ಇಟ್ಟು, ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ವೈರನ್ನು ಅಲ್ಲಲ್ಲಿ ಬೆರಳಿಂದ ಅಲುಗಾಡಿಸಿ. ಅಂಕಿ ಕದಲಬಾರದು.

4. ಸಿಗ್ನಲ್ ಸರಿ ಇದ್ದೂ ಮೋಟಾರ್ ತಿರುಗದಿದ್ದರೆ ಬ್ರೇಕ್ ಲಿವರಿನ ಸ್ವಿಚ್ ಅಂಟಿಕೊಂಡಿರಬಹುದು. ಬ್ರೇಕ್ ಒತ್ತಿದಾಗ ಮೋಟಾರ್ ಕಟ್ ಆಗಲಿ ಅಂತ ಇರುವ ಸ್ವಿಚ್ ಅದು, ಹೆಚ್ಚಾಗಿ ಎರಡು ವೈರಿನದು. ಪರೀಕ್ಷೆಗೆ ಮಾತ್ರ ಅದರ ಕನೆಕ್ಟರ್ ಬಿಡಿಸಿ ನೋಡಿ, ಆಮೇಲೆ ಮತ್ತೆ ಹಾಕಿ.

ನಮ್ಮ ಹುಡುಗನ ಗಾಡಿಯಲ್ಲಿ ಹ್ಯಾಂಡಲ್ ನೇರ ಇದ್ದಾಗ 0.84. ಎಲ್ಲ ಸರಿ. ಎಡಕ್ಕೆ ತಿರುಗಿಸಿದೆ, ಮೀಟರ್ 4.6ಕ್ಕೆ ಹಾರಿತು, ಹಿಂದಿನ ಚಕ್ರ ಗುಯ್ ಅಂತ ತಿರುಗಿತು. ಎಡಕ್ಕೆ ತಿರುಗಿದಾಗಲೆಲ್ಲ ವೈರು ಎಳೆದಂತಾಗಿ, ಕಪ್ಪು ವೈರಿನ ತಾಮ್ರ ಒಳಗೇ ತುಂಡಾಗಿತ್ತು. ಹೊರಗಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿತ್ತು.

ಆಗ ನಾನು ಬ್ರೇಕ್ ಒತ್ತಿದೆ. ಮೋಟಾರ್ ನಿಲ್ಲಲಿಲ್ಲ. ಹೆಡ್‌ಲೈಟ್ ಹಿಂದೆ ನೋಡಿದರೆ ಬ್ರೇಕ್ ಸ್ವಿಚ್ಚಿನ ಎರಡೂ ಕಡೆಯ ವೈರು ಕತ್ತರಿಸಿ ಟೇಪ್ ಸುತ್ತಿದ್ದರು. ಕೇಳಿದ್ದಕ್ಕೆ, "ಹೋದ ಮಳಿಗಾಲದಾಗ ಸ್ವಿಚ್ಚಿನ್ಯಾಗ ನೀರು ಹೋಗಿ ಗಾಡಿ ಬಂದ್ ಬೀಳ್ತಿತ್ರಿ. ಮಿಸ್ತ್ರಿ ಕಟ್ ಮಾಡಿ ಕೊಟ್ಟ" ಅಂದ.

ಪೆಟ್ಟು ಬಿದ್ದಿದ್ದು ಒಂದು ವೈರಿನಿಂದ ಅಲ್ಲ, ಎರಡರಿಂದ. ಥ್ರಾಟಲ್ ವೈರು ಹಳತಾಗಿ ತುಂಡಾಯ್ತು, ಅದು ಯಾರಿಗೂ ಆಗಬಹುದು. ಅದು ತುಂಡಾದ ದಿನ ಕಾಪಾಡಬೇಕಿದ್ದ ವೈರನ್ನು ಒಂದು ವರ್ಷ ಮುಂಚೆಯೇ ಯಾರೋ ಕತ್ತರಿಸಿ ಇಟ್ಟಿದ್ದರು. ಅಲಾರ್ಟ್ ಜಾಸ್ತಿ ಬರ್ತಿದೆ ಅಂತ ಮಾನಿಟರಿಂಗ್ ಆಫ್ ಮಾಡಿ ಮರೆತ ಹಾಗೆ. ಅದನ್ನು ನಾವೂ ಮಾಡಿದ್ದೀವಿ, ಸುಮ್ಮನೆ ಮಿಸ್ತ್ರಿನ ಬೈಯೋದು ಬೇಡ.

ಹೊಸ ಥ್ರಾಟಲ್ ಕೊಳ್ಳುವಾಗ

ಮರುದಿನ ಬೆಳಗ್ಗೆ ಬುಧವಾರ ಪೇಠೆಗೆ ಹೋದೆ. ಸೋಲ್ಡರ್, ಹೀಟ್ ಶ್ರಿಂಕ್ ಥರದ ಸಾಮಾನಿಗೆ ಪುಣೆಯವರಿಗೆ ಅಲ್ಲಿ, ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ಹೈದರಾಬಾದಿನವರಿಗೆ ಕೋಠಿ, ದೆಹಲಿಯವರಿಗೆ ಲಾಜಪತ್ ರಾಯ್ ಮಾರ್ಕೆಟ್. ಥ್ರಾಟಲ್ ಸಿಕ್ಕಿದ್ದು ಇ-ಬೈಕ್ ಬಿಡಿಭಾಗದ ಅಂಗಡಿಯಲ್ಲಿ, 350 ರೂಪಾಯಿಗೆ. ಹಳೆಯ ಥ್ರಾಟಲ್ಲನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ನೋಡಬೇಕಾದ್ದು ಇಷ್ಟು:

ಮೂರು ವೈರಿನ ಹಾಲ್ ಸೆನ್ಸರ್ ಥ್ರಾಟಲ್ಲೇ ಆಗಿರಬೇಕು. ಹ್ಯಾಂಡಲಿನ ದಪ್ಪಕ್ಕೆ ಹೊಂದಬೇಕು, ಸೈಕಲ್ ಮಾದರಿಯವು ಹೆಚ್ಚಾಗಿ 22 ಮಿಲಿಮೀಟರ್. ಬಲಗೈಯದೋ ಎಡಗೈಯದೋ ನೋಡಿ.

ಬ್ಯಾಟರಿ ಮಟ್ಟ ತೋರಿಸುವ ದೀಪ ಅಥವಾ ಕೀ ಇರುವ ಥ್ರಾಟಲ್ ಆದರೆ ವೈರು ಐದಾರು ಇರುತ್ತೆ. ಅದರಲ್ಲಿ ಕೆಲವು ನೇರ ಬ್ಯಾಟರಿ ವೋಲ್ಟೇಜ್ ಹೊರುತ್ತವೆ. 36 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 42 ಇರುತ್ತೆ. ಅದು ತಪ್ಪಿ 5 ವೋಲ್ಟಿನ ವೈರಿಗೆ ತಾಗಿದರೆ ಕಂಟ್ರೋಲರ್ ಅಲ್ಲೇ ಸುಟ್ಟುಹೋಗಬಹುದು. ಕನೆಕ್ಟರ್ ಸರಿಯಾಗಿ ಕೂತಿತು ಅಂತ ವೈರಿನ ಕ್ರಮ ಸರಿ ಅಂತಲ್ಲ. ಬಣ್ಣವನ್ನೂ ನಂಬಬೇಡಿ. ಒಂದೊಂದು ಪಿನ್ನೂ ಹಳೆಯದರ ಜೊತೆ ಹೋಲಿಸಿ.

ಬದಲಿಸುವ ಕೆಲಸ

ಮೊದಲು ಕೀ ಆಫ್, ಬ್ಯಾಟರಿ ಹೊರಗೆ. ಕಂಟ್ರೋಲರಿನ ಕೆಪಾಸಿಟರುಗಳಲ್ಲಿ ಸ್ವಲ್ಪ ಚಾರ್ಜ್ ಉಳಿದಿರುತ್ತೆ, ಕೆಲವು ನಿಮಿಷ ಬಿಡಿ. ಅಷ್ಟರಲ್ಲಿ ಎಲ್ಲ ಕನೆಕ್ಟರುಗಳ ಫೋಟೋ ತೆಗೆದುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಆ ಫೋಟೋ ನಿಮ್ಮ ಕೈ ಹಿಡಿಯುತ್ತೆ.

ರಬ್ಬರ್ ಹಿಡಿಯ ಕೆಳಗೆ ಸ್ವಲ್ಪ ಸೋಪಿನ ನೀರು ಬಿಟ್ಟು ತಿರುಚಿದರೆ ಜಾರಿ ಬರುತ್ತೆ. ಥ್ರಾಟಲ್ಲಿನ ಸಣ್ಣ ಸ್ಕ್ರೂವನ್ನು ಅಲೆನ್ ಕೀಯಿಂದ ಸಡಿಲಿಸಿ ಹೊರಗೆಳೆಯಿರಿ. ಕೇಬಲ್ ಟೈ ಕತ್ತರಿಸುತ್ತಾ ವೈರನ್ನು ಕಂಟ್ರೋಲರಿನ ತನಕ ಹಿಂಬಾಲಿಸಿ.

ಹೊಸದನ್ನು ಹಾಕುವಾಗ ಮೂರು ವಿಷಯ. ಒಂದು, ತಿರುಗುವ ಭಾಗಕ್ಕೂ ಪಕ್ಕದ ಲಿವರ್ ಅಥವಾ ಹಿಡಿಗೂ 1-2 ಮಿಲಿಮೀಟರ್ ಅಂತರ ಬಿಡಿ. ಒತ್ತಿಕೊಂಡರೆ ಥ್ರಾಟಲ್ ವಾಪಸ್ ಬರದೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ಎರಡು, ಹ್ಯಾಂಡಲ್ ಪೂರ್ತಿ ಎರಡೂ ಕಡೆ ತಿರುಗಿದಾಗ ವೈರು ಎಳೆಯದಷ್ಟು ಸಡಿಲ ಬಿಟ್ಟು ಆಮೇಲೆ ಟೈ ಕಟ್ಟಿ. ಮೂರು, ಕನೆಕ್ಟರಿನ ಬಾಯಿ ಕೆಳಮುಖ ಇರಲಿ, ವೈರು ಸ್ವಲ್ಪ ಕೆಳಗಿಳಿದು ಮೇಲೇರಲಿ. ಮಳೆ ನೀರು ಒಳಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತೆ.

ಕನೆಕ್ಟರ್ ಹೊಂದದೆ ವೈರು ಸೇರಿಸಬೇಕಾದರೆ ಬೆಸುಗೆ ಹಾಕಿ, ಒಂದೊಂದಕ್ಕೂ ಪ್ರತ್ಯೇಕ ಹೀಟ್ ಶ್ರಿಂಕ್ ಹಾಕಿ. ಮೂರೂ ಜೋಡಣೆ ಒಂದೇ ಜಾಗದಲ್ಲಿ ಬೇಡ, ಸ್ವಲ್ಪ ಹಿಂದೆ ಮುಂದೆ ಇರಲಿ. ತಿರುಚಿ ಟೇಪ್ ಸುತ್ತಿದ್ದು ಒಂದು ಮಳೆಗಾಲವನ್ನೂ ದಾಟಲ್ಲ.

ಹಳೆಯ ವೈರನ್ನೇ ಬೆಸೆಯಬಹುದಿತ್ತಲ್ಲಾ ಅಂತ ನೀವು ಕೇಳಬಹುದು. ನನ್ನದೇ ಗಾಡಿ ಆಗಿದ್ದರೆ ಬಹುಶಃ ಹಾಗೇ ಮಾಡ್ತಿದ್ದೆ. ಒಂದು ಕಡೆ ಮುರಿದ ವೈರು ಪಕ್ಕದಲ್ಲೂ ಸವೆದಿರುತ್ತೆ. ದಿನಕ್ಕೆ ಹತ್ತು ಗಂಟೆ ಟ್ರಾಫಿಕ್ಕಿನಲ್ಲಿ ಇರುವವನಿಗೆ 350 ರೂಪಾಯಿ ಉಳಿಸಿಕೊಡುವ ಧೈರ್ಯ ನನಗೆ ಬರಲಿಲ್ಲ.

ರಸ್ತೆಗೆ ಇಳಿಸುವ ಮುಂಚೆ

ಸಿಗ್ನಲ್ ವೈರು ಬಿಟ್ಟು ಬರೀ ಕೆಂಪು, ಕಪ್ಪು ಜೋಡಿಸಿ ಅಳೆಯೋಕೆ ಸಾಧ್ಯವಾದರೆ ಮೊದಲು ಹಾಗೆ ಅಳೆಯಿರಿ. 0.8 ಬಂತಾ? ಆಮೇಲೆ ಸಿಗ್ನಲ್ ಜೋಡಿಸಿ. ಚಕ್ರ ಮೇಲಿರುವಾಗಲೇ ಈ ನಾಲ್ಕು ಪರೀಕ್ಷೆ ಮಾಡಿ: ಹಿಡಿ ಹತ್ತು ಸಲ ತಿರುಗಿಸಿ ಬಿಟ್ಟರೆ ಹತ್ತು ಸಲವೂ ತಾನೇ ವಾಪಸ್ ಬರಬೇಕು. ಹ್ಯಾಂಡಲ್ ಎರಡೂ ಕಡೆ ತಿರುಗಿಸಿದಾಗ ಮೋಟಾರ್ ವೇಗ ಬದಲಾಗಬಾರದು. ಥ್ರಾಟಲ್ ಕೊಟ್ಟಿರುವಾಗಲೇ ಎಡ ಬ್ರೇಕ್ ಒತ್ತಿದರೆ ಮೋಟಾರ್ ಕಟ್ ಆಗಬೇಕು. ಬಲ ಬ್ರೇಕಿಗೂ ಅದೇ. ಆಮೇಲೆ ಪಾರ್ಕಿಂಗಿನಲ್ಲಿ ನಿಧಾನವಾಗಿ ಎರಡು ಸುತ್ತು.

ನಮ್ಮ ಗಾಡಿಯಲ್ಲಿ ಬಲ ಬ್ರೇಕಿನ ಸ್ವಿಚ್ ಒಣಗಿಸಿ ವೈರು ಬೆಸೆದ ಮೇಲೆ ಕೆಲಸ ಮಾಡಿತು. ಎಡ ಲಿವರ್ ಹೊಸದೇ ಹಾಕಬೇಕಾಯ್ತು.

ಇನ್ನೆರಡು ಮಾತು. ಇದೆಲ್ಲ ಕಡಿಮೆ ವೇಗದ ಇ-ಬೈಕುಗಳಿಗೆ ಮಾತ್ರ. ವಾರಂಟಿ ಇರುವ, ಬಾಡಿಗೆಗೆ ತಂದ, ಅಥವಾ ನೋಂದಣಿ ಆಗಿರುವ ದೊಡ್ಡ ಸ್ಕೂಟರುಗಳನ್ನು ಬಿಚ್ಚಬೇಡಿ, ಸರ್ವಿಸ್ ಸೆಂಟರಿಗೆ ಕೊಡಿ. ಮತ್ತೆ, ಕೈ ಹಾಕಿದ್ದೇ ಹಾಕಿದ್ದು ಅಂತ ವೇಗಮಿತಿಯ ವೈರು ಬಿಡಿಸಬೇಡಿ. ಕೇಂದ್ರ ಮೋಟಾರು ವಾಹನ ನಿಯಮದ ವಿನಾಯಿತಿ ಇರೋದು 250 ವ್ಯಾಟ್, ಗಂಟೆಗೆ 25 ಕಿಲೋಮೀಟರ್ ಮಿತಿಯೊಳಗಿನ ಗಾಡಿಗೆ. ಅದನ್ನು ದಾಟಿದರೆ ನೋಂದಣಿ, ಲೈಸೆನ್ಸ್, ವಿಮೆ ಎಲ್ಲ ಬೇಕಾಗುತ್ತೆ.

ಓಡುವಾಗ ಗಾಡಿ ಹೀಗೆ ಜಿಗಿದರೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ಕೀ ಆಫ್ ಮಾಡಿ. ಹಿಡಿಯನ್ನು ಹಿಂದಕ್ಕೆ ತಿರುಗಿಸುತ್ತಾ ಕೂರಬೇಡಿ, ಆ ಹೊತ್ತಿಗೆ ಅದರ ಮಾತನ್ನು ಯಾರೂ ಕೇಳ್ತಿರಲ್ಲ.

ಮಧ್ಯಾಹ್ನ ಮೂರಕ್ಕೆ ಗಾಡಿ ರೆಡಿ ಆಯ್ತು. ಅವನು ಕೂತು ಮೊದಲು ಮಾಡಿದ ಕೆಲಸ ಥ್ರಾಟಲ್ ಕೊಟ್ಟು ಬ್ರೇಕ್ ಒತ್ತಿ ನೋಡಿದ್ದು. ಮೋಟಾರ್ ಟಕ್ ಅಂತ ನಿಂತಿತು. "ಹಾಂ, ಈಗ ನಿಂದರ್ತದ್ರಿ" ಅಂದ. ದುಡ್ಡು ಎಷ್ಟು ಅಂತ ಕೇಳಿದ, ಸಾಮಾನಿನ ದುಡ್ಡಷ್ಟೇ ತಗೊಂಡೆ. ಮೊನ್ನೆ ಊರಿಗೆ ಹೋಗಿ ಬಂದವನು ಒಂದು ಕಟ್ಟು ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ ತಂದುಕೊಟ್ಟ. ಬೇಡ ಅನ್ನೋಕೆ ನಾನೇನು ಹುಚ್ಚನಾ?

ನಿಮ್ಮ ಗಾಡಿಯಲ್ಲಿ ತೊಂದರೆ ಇದ್ದರೆ ಬರೆಯಿರಿ, ಮೀಟರ್ ಅಂಕಿಗಳ ಸಮೇತ. ಮುಂದಿನ ಸಲ ಚಾರ್ಜರ್ ಮತ್ತು ಬ್ಯಾಟರಿ ಬಗ್ಗೆ ಮಾತಾಡೋಣ. ಅಲ್ಲಿಯ ತನಕ, ಇವತ್ತೇ ಒಮ್ಮೆ ಪಾರ್ಕಿಂಗಿಗೆ ಹೋಗಿ ಬ್ರೇಕ್ ಒತ್ತಿದಾಗ ಮೋಟಾರ್ ನಿಲ್ಲುತ್ತಾ ನೋಡಿ ಬನ್ನಿ.