ಜಾಲತಾಣದ ಹೆಸರು ಮತ್ತು ವ್ಯಾಪಾರ ಚಿಹ್ನೆ: ನೋಂದಣಿಪೂರ್ವ ಪರಿಶೀಲನೆಯ ಅಗತ್ಯ

ಜನಪದ ಕಲಾತಂಡಗಳು, ಕುಶಲಕರ್ಮಿಗಳ ಸಂಘಗಳು ಹಾಗೂ ದಾಖಲೀಕರಣ ಸಂಸ್ಥೆಗಳು ಜಾಲತಾಣ ಆರಂಭಿಸುವಾಗ, ಬಯಸಿದ ಡೊಮೇನ್ ಹೆಸರು ‘ಲಭ್ಯವಿದೆ’ ಎಂಬ ಉತ್ತರವನ್ನೇ ಅನುಮತಿಯೆಂದು ಭಾವಿಸುವುದುಂಟು. ನೋಂದಣಿ ಸಂಸ್ಥೆಯು ನೋಡುವುದು ಅದೇ ಅಕ್ಷರಸರಣಿಯನ್ನು ಬೇರೊಬ್ಬರು ಪಡೆದಿರುವರೇ ಎಂಬುದನ್ನು ಮಾತ್ರ. ಆ ಹೆಸರಿನ ಮೇಲೆ ಅನ್ಯರಿಗೆ ವ್ಯಾಪಾರ ಚಿಹ್ನೆಯ ಹಕ್ಕಿದೆಯೇ ಎಂಬುದು ಅದರ ಪರಿಶೀಲನೆಗೆ ಬರುವುದಿಲ್ಲ. ವರ್ಷಗಟ್ಟಲೆ ಬಳಸಿ ಜನರ ಬಾಯಲ್ಲಿ ನೆಲೆಗೊಂಡ ಹೆಸರು ಮುಂದೊಮ್ಮೆ ಕೈತಪ್ಪಿದರೆ ಆಗುವ ನಷ್ಟ ಶುಲ್ಕದ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ನೀಡಿದ ಪ್ರಮುಖ ತೀರ್ಪಿನ ಮೊಕದ್ದಮೆ ಹುಟ್ಟಿದ್ದು ಬೆಂಗಳೂರಿನಲ್ಲಿ. ಸತ್ಯಂ ಇನ್ಫೋವೇ ಸಂಸ್ಥೆಯು 1999ರಲ್ಲಿ ‘ಸಿಫಿ’ ಎಂಬ ಡೊಮೇನ್ ಹೆಸರನ್ನು ಪಡೆದಿತ್ತು. 2001ರಲ್ಲಿ ಮತ್ತೊಂದು ಸಂಸ್ಥೆ ‘ಸಿಫ್ಫಿನೆಟ್’ ಎಂಬ ಹೆಸರನ್ನು ನೋಂದಾಯಿಸಿ, ಅದು ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದ ಬಂದದ್ದೆಂದು ವಾದಿಸಿತು. ಸ್ಥಳನಾಮಗಳ ಅಭ್ಯಾಸಿಗಳಿಗೆ ಇಂತಹ ನಿರುಕ್ತಿಕಥನ ಹೊಸದೇನಲ್ಲ. ನ್ಯಾಯಾಲಯ ಅದನ್ನು ನಂಬಲಿಲ್ಲ. ನಗರ ಸಿವಿಲ್ ನ್ಯಾಯಾಲಯ ನೀಡಿದ್ದ ತಡೆಯಾಜ್ಞೆಯನ್ನು ಉಚ್ಚ ನ್ಯಾಯಾಲಯ ತೆಗೆದುಹಾಕಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ಮರುಸ್ಥಾಪಿಸಿ, ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯ ಲಕ್ಷಣವಿದೆಯೆಂದು ಹೇಳಿತು.

ಗಮನಿಸಬೇಕಾದ ಅಂಶವೆಂದರೆ, ಕಾನೂನು ಹೆಸರನ್ನು ಕಿವಿಯಿಂದಲೂ ಅಳೆಯುತ್ತದೆ. ಸಾಮಾನ್ಯ ಗ್ರಾಹಕನ ಅಸ್ಪಷ್ಟ ನೆನಪಿನಲ್ಲಿ ಎರಡು ಹೆಸರುಗಳು ಕಲಸಿಹೋಗುವವೇ ಎಂಬುದೇ ಪ್ರಶ್ನೆ. ಮೌಖಿಕ ಪರಂಪರೆಯ ಪಾಠಾಂತರಗಳನ್ನು ಬಲ್ಲವರಿಗೆ ಇದರ ಸೂಕ್ಷ್ಮ ಸುಲಭವಾಗಿ ತಿಳಿಯುತ್ತದೆ. ಕನ್ನಡ ಹೆಸರುಗಳಲ್ಲಿ ಮತ್ತೊಂದು ತೊಡಕಿದೆ: ರೋಮನ್ ಲಿಪಿಯಲ್ಲಿ ಲ-ಳ, ದ-ಡ, ಹ್ರಸ್ವ-ದೀರ್ಘ ಭೇದಗಳು ಅಳಿಯುವುದರಿಂದ ‘ಕಲೆ’ಯೂ ‘ಕಳೆ’ಯೂ ಒಂದೇ ಆಗುತ್ತವೆ. ಆದುದರಿಂದ ಕೇಂದ್ರದ ವ್ಯಾಪಾರ ಚಿಹ್ನೆಗಳ ನೋಂದಣಿ ಕಛೇರಿಯ ಜಾಲತಾಣದಲ್ಲಿ ಪದಶೋಧನೆಯೊಂದಿಗೆ ಧ್ವನಿಸಾಮ್ಯದ ಶೋಧನೆಯನ್ನೂ, ಸಾಧ್ಯವಿರುವ ಎಲ್ಲ ಕಾಗುಣಿತಗಳಿಂದ ನಡೆಸಬೇಕು. ಸರಕು-ಸೇವೆಗಳು 45 ವರ್ಗಗಳಲ್ಲಿ ಹಂಚಿಕೆಯಾಗಿವೆ. ಆಟಿಕೆಗಳಿಗೆ 28, ಬಟ್ಟೆಗೆ 24, ಶಿಕ್ಷಣ ಮತ್ತು ಮನರಂಜನೆಗೆ 41.

‘ಚನ್ನಪಟ್ಟಣ’, ‘ಇಳಕಲ್’ ಮುಂತಾದ ಊರ ಹೆಸರುಗಳ ವಿಚಾರ ಬೇರೆ. ಅಲ್ಲಿನ ಗೊಂಬೆ, ಸೀರೆಗಳು ಭೌಗೋಳಿಕ ಸೂಚಕಗಳಾಗಿ ನೋಂದಣಿಯಾಗಿವೆ. ಬೇರೆಡೆ ತಯಾರಾದ ಸರಕನ್ನು ಆ ಹೆಸರಿನ ಜಾಲತಾಣದಿಂದ ಮಾರಿದರೆ 1999ರ ಭೌಗೋಳಿಕ ಸೂಚಕಗಳ ಕಾಯಿದೆ ಅಡ್ಡಬರುತ್ತದೆ. ಹೀಗಾಗಿ ಚೆನ್ನೈಯಲ್ಲಿರುವ ಸೂಚಕಗಳ ನೋಂದಣಿ ಕಛೇರಿಯ ದಾಖಲೆಯನ್ನೂ ನೋಡುವುದು ಅವಶ್ಯ.

‘ಡಾಟ್ ಇನ್’ ಹೆಸರುಗಳ ವ್ಯಾಜ್ಯನಿಯಮವು ಅಂತಾರಾಷ್ಟ್ರೀಯ ನಿಯಮಕ್ಕಿಂತ ಬಿಗಿಯಾದುದು. ಅಂತಾರಾಷ್ಟ್ರೀಯ ನಿಯಮದಲ್ಲಿ ನೋಂದಣಿ ಮತ್ತು ಬಳಕೆ ಎರಡರಲ್ಲೂ ದುರುದ್ದೇಶವನ್ನು ತೋರಿಸಬೇಕು. ಇಲ್ಲಿ ಒಂದರಲ್ಲಿ ತೋರಿಸಿದರೂ ಸಾಕು.

ದಾಖಲೆಗಳಲ್ಲಿ ಏನೂ ಸಿಗದಿದ್ದರೂ ಪರಿಶೀಲನೆ ಮುಗಿಯಿತೆನ್ನಲಾಗದು. ನೋಂದಾಯಿಸದ ಹಳೆಯ ಬಳಕೆದಾರರಿಗೂ ಕಾನೂನಿನ ರಕ್ಷಣೆಯುಂಟು. ದಶಕಗಳಿಂದ ಒಂದೇ ಹೆಸರಿನಲ್ಲಿ ಆಡುತ್ತಿರುವ ಮೇಳವೊಂದು ಯಾವ ಶೋಧನೆಯಲ್ಲೂ ಕಾಣಿಸದಿರಬಹುದು. ಅದನ್ನು ಜಾತ್ರೆಯ ಕರಪತ್ರಗಳಲ್ಲಿ, ಹಿರಿಯ ಕಲಾವಿದರ ನೆನಪಿನಲ್ಲಿ ಹುಡುಕಬೇಕಾಗುತ್ತದೆ.